ಗೇಮ್ ಮಶೀನಿನ ಆಯಾರ

ಮಗಳು ಬಾಣಂತನಕ್ಕೆ ಬರುತ್ತಾಳೆಂಬ ಸುದ್ದಿ ಕೇಳಿ ಗೋಕಾಕದ ಕೆಂಚಪ್ಪನವರಿಗೆ ಆದ ಸಂತೋಷ ಒಂದು ಕಪ್ ಚಹಾ ಆರುವಷ್ಟು ಹೊತ್ತು ಮಾತ್ರ ಬಾಳಿತು. ಅಷ್ಟರೊಳಗೆ ಅವರ ಹೆಂಡತಿ ಗೌರವ್ವ ಸೆರಗು ಸೊಂಟಕ್ಕೆ ಸಿಗಿಸಿ, ಕೆಳಗಿನ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಬೆರಳು ಮಾಡಿ ಕೇಳಿದರು:

“ಏನ್ರಿ, ಬಾಣಂತೀನ ಎಲ್ಲಿ ಮಲಗಸೂದು? ಇವುಗಳ ತಲೀ ಮ್ಯಾಲೇನು?”

‘ಇವು’ ಎಂದರೆ ನಾಲ್ಕು ವಿಡಿಯೋ ಗೇಮ್ ಮಶೀನುಗಳು. ಆಳೆತ್ತರದ ಮರದ ಪೆಟ್ಟಿಗೆಗಳು. ಮುಖದಲ್ಲಿ ಡುಬ್ಬದ ಹಳೆಯ ಟಿವಿ, ಎದೆಯ ಮೇಲೆ ಕೆಂಪು ಹಳದಿ ಗುಂಡಿಗಳು ಮತ್ತು ಒಂದು ಹಿಡಿಕೆ, ಮೊಳಕಾಲ ಹತ್ತಿರ ನಾಣ್ಯ ನುಂಗುವ ಬಾಯಿ. ಒಂದರಲ್ಲಿ ಕುಸ್ತಿ, ಒಂದರಲ್ಲಿ ವಿಮಾನ, ಒಂದರಲ್ಲಿ ಕಾರಿನ ಓಟ, ಇನ್ನೊಂದರಲ್ಲಿ ಇಟ್ಟಂಗಿ ಒಡೆಯುವ ಆಟ. ಮೊಬೈಲು ಬರುವ ಮುಂಚೆ ಕೆಂಚಪ್ಪನವರು ಬಸ್ ಸ್ಟ್ಯಾಂಡಿನ ಹಿಂದೆ ಗೇಮಿನ ಅಂಗಡಿ ಇಟ್ಟಿದ್ದರು. ಸಾಲಿ ತಪ್ಪಿಸಿದ ಹುಡುಗರನ್ನು ಹುಡುಕಿಕೊಂಡು ಬರುವ ಮಾಸ್ತರರು ಮೊದಲು ಅಲ್ಲಿಗೇ ಬರುತ್ತಿದ್ದರು. ಮೊಬೈಲು ಬಂತು, ಊರೂರ ಗೇಮಿನ ಅಂಗಡಿಗಳು ಮುಚ್ಚಿದವು. ಹಾಗೆ ಮುಚ್ಚಿದ ಅಂಗಡಿಗಳಿಂದ ಕೆಂಚಪ್ಪನವರು ಒಳ್ಳೊಳ್ಳೆಯ ಮಶೀನುಗಳನ್ನು ಆರಿಸಿ ಮನೆಗೆ ತಂದರು. ನಿಪ್ಪಾಣಿಯಿಂದ ಕುಸ್ತಿ, ಸಂಕೇಶ್ವರದಿಂದ ವಿಮಾನ. “ಮುಂದ ಇವುಕ್ಕ ಭಾಳ ಕಿಮ್ಮತ್ತು ಬರತೈತಿ, ನೋಡ್ತಿರು” ಎಂದು ಹೆಂಡತಿಗೆ ಹೇಳಿದರು. ಆ ‘ಮುಂದ’ ಎಂಬುದು ಬರುವ ಹೊತ್ತಿಗೆ ಕೆಂಚಪ್ಪನವರ ತಲೆ ಬೆಳ್ಳಗಾಗಿತ್ತು, ಸೊಂಟ ಹಿಡಿದಿತ್ತು, ಯಮಕನಮರಡಿಯಲ್ಲಿದ್ದ ಒಬ್ಬನೇ ರಿಪೇರಿಯವನಿಗೆ ಕಣ್ಣು ಮಂಜಾಗಿತ್ತು. ಮೊದಲು ಇಬ್ಬರು ಎತ್ತುತ್ತಿದ್ದ ಮಶೀನಿಗೆ ಈಗ ನಾಲ್ವರು ಬೇಕು. (ಮಶೀನು ಭಾರವಾಗಿರಲಿಲ್ಲ, ಎತ್ತುವವರು ಹಳಬರಾಗಿದ್ದರು.)

ಮಗಳು ದಾನೇಶ್ವರಿಯನ್ನು ಹುಕ್ಕೇರಿಗೆ ಕೊಟ್ಟು ಎಂಟು ವರ್ಷವಾಗಿತ್ತು. ಪ್ರತಿ ಪಂಚಮಿಗೆ ತವರಿಗೆ ಬಂದವಳು ಪಡಸಾಲೆಯಲ್ಲಿ ಹಾಸಿಕೊಂಡು ಮಲಗಿ ಹೋಗುತ್ತಿದ್ದಳು. ಮಶೀನುಗಳು ಮಾತ್ರ ಕೋಣೆಯಲ್ಲಿ, ಮೇಲೆ ಚಾದರ ಹೊದ್ದುಕೊಂಡು, ಫ್ಯಾನಿನ ಗಾಳಿಯಲ್ಲಿ ಇರುತ್ತಿದ್ದವು. ಅದನ್ನು ನೆನೆದರೆ ಕೆಂಚಪ್ಪನವರಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಈಗಂತೂ ಬಾಣಂತನ. ನೀರು ಕಾಯಿಸುವ ಬಚ್ಚಲು ಕೆಳಗೆ, ಬಿಸಿಲು ಬರುವ ಕಿಟಕಿ ಕೆಳಗೆ. ಬಾಣಂತಿ ಮೆಟ್ಟಿಲು ಹತ್ತುವ ಹಾಗಿಲ್ಲ. ಕೋಣೆ ತೆರವಾಗಲೇಬೇಕು.

“ಗುಜರಿಯವಗ ಹಾಕ್ರಿ” ಎಂದರು ಗೌರವ್ವ.

“ಗುಜರೀನ? ಗೌರವ್ವಾ, ಇದು ಸಂಗ್ರಹ. ಇದಕ್ಕ ಬೆಲೆ ಗೊತ್ತಿದ್ದವರ ಕೈಗೆ ಸೇರಬೇಕು.”

“ಸೇರಸ್ರಿ. ಕೂಸು ಹುಟ್ಟೂದರೊಳಗ ಸೇರಸ್ರಿ.”

ಕೆಂಚಪ್ಪನವರು ಮಶೀನುಗಳ ಫೋಟೋ ತೆಗೆದು ಮೊಬೈಲಿನಲ್ಲಿ ಜಾಹೀರಾತು ಹಾಕಿದರು. ಫೋನುಗಳು ಬಂದವು, ಬರಲಿಲ್ಲವೆಂದಲ್ಲ. ಸಾಂಗಲಿಯಿಂದ, ಇಚಲಕರಂಜಿಯಿಂದ, ಬಾಗಲಕೋಟೆಯಿಂದ. ಎಲ್ಲ ಧ್ವನಿಗಳೂ ಅವರದೇ ವಯಸ್ಸಿನವು, ನಡುನಡುವೆ ಕೆಮ್ಮು. ಮೊದಲು ಕೆಂಚಪ್ಪನವರ ಮಶೀನುಗಳನ್ನು ಮನಸಾರೆ ಹೊಗಳಿ, ಕೊನೆಗೆ ಮೆಲ್ಲಗೆ, “ನನ್ನ ಹತ್ರಾನೂ ಆರು ಅದಾವ್ರಿ. ನಿಮ್ಮಂಥ ತಿಳಿದವರು ಒಯ್ದರ ನನಗ ಸಮಾಧಾನ” ಎನ್ನುತ್ತಿದ್ದರು. ಒಂದೇ ಕಾಲದಲ್ಲಿ ಅಂಗಡಿ ಇಟ್ಟವರೆಲ್ಲ ಒಟ್ಟಿಗೇ ಮುದುಕರಾಗಿದ್ದರು. ಕೊಡುವವರೇ ಎಲ್ಲ, ಕೊಳ್ಳುವವರು ಯಾರೂ ಇಲ್ಲ.

ಉಳಿದವನು ಹಳೆಯ ಗೆಳೆಯ ಶೆಟ್ಟೆಪ್ಪ. ಮೂಡಲಗಿಯಲ್ಲಿ ಅವನದೂ ಅಂಥದೇ ಅಂಗಡಿ ಇತ್ತು, ಅಂಥದೇ ಹುಚ್ಚು. ಕೆಂಚಪ್ಪನವರು ಫೋನು ಮಾಡಿದರು.

“ದೋಸ್ತ, ನನ್ನ ಮಶೀನು ಒಪ್ಪಸಬೇಕಂದ್ರ ನಿನ್ನ ಬಿಟ್ಟು ಯಾರೂ ಕಣ್ಣಿಗೆ ಕಾಣವಲ್ರು.”

“ಅಯ್ಯ, ನಾನೂ ಅದನ್ನ ಹೇಳಾಕ ನಿನಗ ಫೋನ್ ಮಾಡಾಂವ ಇದ್ನೆಪಾ! ನನ್ನ ಸೊಸಿ ಹೊಸ ಮನ್ಯಾಗ ಒಂದೂ ಒಳಗ ಬಿಡಂಗಿಲ್ಲಂತ ಕುಂತಾಳ. ನನ್ನವು ನೀ ಒಯ್ದುಬಿಡು.”

“ಹೊಸ ಮನೀನ?”

“ಹೂಂ, ಮುಂದಿನ ವಾರ ವಾಸ್ತುಶಾಂತಿ. ಗೌರವ್ವನ್ನ ಕರಕೊಂಡು ಬಾ.”

ಫೋನು ಇಟ್ಟ ಮೇಲೆ ಕೆಂಚಪ್ಪನವರ ತಲೆಯಲ್ಲಿ ಒಂದು ದಿವ್ಯವಾದ ವಿಚಾರ ಉದಯಿಸಿತು. ಕಾರ್ಯಕ್ಕೆ ಹೋದವರು ಆಯಾರ ಮಾಡುವುದು ನಮ್ಮ ಕಡೆಯ ಪದ್ಧತಿ. ಟಾವೆಲು ಟೊಪಗಿಯಿಂದ ಹಿಡಿದು ತಿಜೋರಿಯವರೆಗೆ ಯಾವ ಉಡುಗೊರೆ ತಂದರೂ ಮೈಕಿನಲ್ಲಿ ಹೆಸರು ಕೂಗಿ ಹೇಳುತ್ತಾರೆ. ಹಾಗೆ ಕೂಗಿದ ಆಯಾರವನ್ನು ಬೇಡವೆಂದರೆ ತಂದವರ ಮನೆತನಕ್ಕೇ ಅವಮಾನ. ಯಾವ ಸೊಸೆಯೂ ತುಟಿ ಎರಡು ಮಾಡುವಂತಿಲ್ಲ!

ಒಂದು ತೊಡಕಿತ್ತು. ಆಯಾರಕ್ಕೆ ಮುಯ್ಯಿ ಉಂಟು. ಪಡೆದವರು ಕೊಟ್ಟವರ ಮನೆಯ ಕಾರ್ಯದಲ್ಲಿ ಅಷ್ಟನ್ನೂ ಮರಳಿಸಬೇಕು, ಮೇಲೊಂದಿಷ್ಟು ಸೇರಿಸಬೇಕು. ಕೆಂಚಪ್ಪನವರು ಕೂತು ವಿಚಾರ ಮಾಡಿದರು. ಮನೆ ಕಟ್ಟಿ ಆಗಿದೆ. ಇರುವ ಒಬ್ಬ ಮಗಳ ಮದುವೆ ಆಗಿದೆ. ಇನ್ನು ಈ ಮನೆಯಲ್ಲಿ ಆಗಬೇಕಾದ ದೊಡ್ಡ ಕಾರ್ಯವೆಂದರೆ ತಮ್ಮದೊಂದೇ; ಅದಕ್ಕೆ ಯಾರೂ ಆಯಾರ ತರುವುದಿಲ್ಲ. (ಕೂಸನ್ನು ತೊಟ್ಟಿಲಿಗೆ ಹಾಕುವುದನ್ನು ಅವರು ಎಣಿಸಲಿಲ್ಲ. ಅದು ಹೆಂಗಸರ ಕಾರ್ಯ. ಅವತ್ತು ಗಂಡಸರ ಕೆಲಸ ಕುರ್ಚಿ ಹಾಕುವುದು ಮತ್ತು ಬೈಸಿಕೊಳ್ಳುವುದು ಎಂದೇ ಅವರ ತಿಳಿವಳಿಕೆ.)

ಹೆಂಡತಿಗೆ ಮಾತ್ರ ಒಂದು ಸುಳ್ಳು ಹೇಳಿದರು. “ಶೆಟ್ಟೆಪ್ಪ ಕೈ ಮುಗಿದು ಕೇಳ್ಯಾನ. ಇಲ್ಲ ಅನ್ನಾಕ ಆಗಲಿಲ್ಲ.”

“ಅವನ ಹೊಟ್ಟಿ ತಣ್ಣಗಿರಲಿ” ಎಂದು ಗೌರವ್ವ ಆ ಕೂಡಲೇ ಕಸಬರಿಗೆ ಹುಡುಕಲು ಹೋದರು.

ವಾಸ್ತುಶಾಂತಿಗೆ ಗೌರವ್ವ ಹೋಗದೆ, ಅಷ್ಟರಲ್ಲಿ ತವರಿಗೆ ಬಂದಿದ್ದ ತುಂಬು ಬಸುರಿ ಮಗಳ ಬಳಿ ಉಳಿದದ್ದು ಕೆಂಚಪ್ಪನವರ ಪುಣ್ಯ. ಪೆಂಡಾಲಿನ ಮುಂದೆ ಟೆಂಪೋ ಬಂದು ನಿಂತಿತು. ಮೈಕಿನವನು ಉತ್ಸಾಹದಿಂದ, “ಗೋಕಾಕದ ಕೆಂಚಪ್ಪಣ್ಣಾ ಇವರಿಂದ ಮನಿ ಯಜಮಾನರಿಗೆ ಟಾವೆಲು, ಟೊಪಗಿ, ಮತ್ತ ನಾಕು...” ಎಂದವನು ಟೆಂಪೋದ ಕಡೆ ನೋಡಿ ಮೈಕನ್ನು ಅಂಗೈಯಿಂದ ಮುಚ್ಚಿ, “ಏನ್ರೀ ಇವು?” ಎಂದು ಕೇಳಿದ. ಶೆಟ್ಟೆಪ್ಪನ ಮುಖ ಹಸಿ ಹಾಗಲಕಾಯಿ ಕಚ್ಚಿದಂತಾಯಿತು. ಅವನ ಸೊಸೆ ಬಾಗಿಲಲ್ಲಿ ನಿಂತು ಮಾವನನ್ನು ನೋಡಿದ ನೋಟವನ್ನು ಕೆಂಚಪ್ಪನವರು ನೋಡಲಾರದೆ ನೆಲ ನೋಡಿದರು. ಆದರೂ ಶೆಟ್ಟೆಪ್ಪ ಬಂದು ಅವರನ್ನು ಗಟ್ಟಿಯಾಗಿ ಅಪ್ಪಿಕೊಂಡ.

“ಮರಿಯಂಗಿಲ್ಲ ದೋಸ್ತ. ಜೀವ ಇರೂತನಾ ಮರಿಯಂಗಿಲ್ಲ.”

ಕೆಂಚಪ್ಪನವರು ಅದನ್ನು ಪ್ರೀತಿಯೆಂದೇ ತಿಳಿದು ಎರಡು ಹೋಳಿಗೆ ಹೆಚ್ಚಿಗೆ ಉಂಡು ಬಂದರು.

ಕೋಣೆ ಬರಿದಾಯಿತು. ಗೌರವ್ವ ಸುಣ್ಣ ಹೊಡೆಸಿದರು, ಬಾಣಂತಿಗೆ ಮಲಗಲು ಹೊರಸು ಹಾಕಿಸಿದರು. ದಾನೇಶ್ವರಿ ಹೆಣ್ಣು ಹೆತ್ತು ಆ ಕೋಣೆಗೆ ಬಂದಳು. ಕಿಟಕಿಯ ಎಳೆಬಿಸಿಲಿನಲ್ಲಿ ಮಲಗಿದ ಕೂಸನ್ನು ನೋಡಿ, ಇಷ್ಟು ವರ್ಷ ಈ ಬಿಸಿಲು ಕಾಯಿಸಿದ್ದು ಕಾರಿನ ಮಶೀನನ್ನಲ್ಲವೇ ಎಂದು ಕೆಂಚಪ್ಪನವರು ಬಾಗಿಲಲ್ಲೇ ನಿಂತು ಬಿಟ್ಟರು. ಸಂಜೆ ಅಭ್ಯಾಸಬಲದಿಂದ ಮಶೀನಿನ ಧೂಳು ಒರೆಸಲು ಬಟ್ಟೆ ಹಿಡಿದು ಬಂದು, “ಏನು ಬೇಕ್ರಿ?” ಎಂದು ಹೆಂಡತಿ ಕೇಳಿದಾಗ, “ಏನಿಲ್ಲ, ಕೂಸು ನೋಡಾಕ ಬಂದ್ನಿ” ಎಂದು ಅದೇ ಬಟ್ಟೆಯಿಂದ ಮುಖ ಒರೆಸಿಕೊಂಡು ಹೋದರು.

ತೊಟ್ಟಿಲ ಕಾರ್ಯದ ದಿನ ಮನೆಯ ಮುಂದೆ ಪೆಂಡಾಲು, ಮೈಕು, ಓಣಿಯ ಮಂದಿಯೆಲ್ಲ. ಹುಕ್ಕೇರಿಯಿಂದ ಬೀಗಿತ್ತಿ ದುಂಡವ್ವ ತಮ್ಮ ಕಡೆಯ ಹೆಂಗಸರನ್ನು ಕರೆದುಕೊಂಡು ಬಂದಿದ್ದರು. ದುಂಡವ್ವ ಹೆಚ್ಚು ಮಾತಿನವರಲ್ಲ. ಅವರು ಸುಮ್ಮನೆ ಒಂದು ಸುತ್ತು ಕಣ್ಣು ಆಡಿಸಿದರೆ ಸಾಕು, ಹೆಣ್ಣು ಕೊಟ್ಟವರ ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಸೆರಗು, ರುಮಾಲು ಸರಿಮಾಡಿಕೊಳ್ಳುತ್ತಿದ್ದರು.

ಕೂಸಿಗೆ ಹೆಸರಿಟ್ಟು, ಗುಗ್ಗರಿ ಹಂಚುತ್ತಿರುವಾಗ ಬಾಗಿಲಿಗೆ ಒಂದು ಟೆಂಪೋ ಬಂತು. ಹಿಂದೆಯೇ ಮೈಕು ಗುಡುಗಿತು:

“ಮೂಡಲಗಿ ಶೆಟ್ಟೆಪ್ಪಣ್ಣಾ ಇವರಿಂದ ಕೂಸಿಗೆ ಕುಂಚಿಗಿ, ಬೆಳ್ಳಿ ಕಡಗ, ಮತ್ತ ಐದು ಗೇಮಿನ ಮಶೀನು!”

ನಾಲ್ಕು ಅವರವೇ. ಐದನೆಯದು ಶೆಟ್ಟೆಪ್ಪನದು, ಪದ್ಧತಿಯ ಪ್ರಕಾರ ಮೇಲೆ ಸೇರಿಸಿದ್ದು. ಹಮಾಲರು ಒಂದೊಂದಾಗಿ ಇಳಿಸಿ ತೊಟ್ಟಿಲ ಎದುರಿಗೆ ಸಾಲಾಗಿ ನಿಲ್ಲಿಸಿದರು. ಕೆಂಚಪ್ಪನವರ ಕೈಯಲ್ಲಿದ್ದ ಗುಗ್ಗರಿಯ ಬುಟ್ಟಿ ಓರೆಯಾಯಿತು.

ಗೌರವ್ವ ನಗುನಗುತ್ತಲೇ ಶೆಟ್ಟೆಪ್ಪನನ್ನು ಕೇಳಿದರು. “ಯಾಕೋ ಯಣ್ಣಾ, ಕೈ ಮುಗಿದು ಕೇಳಿ ಒಯ್ದಾಂವ, ಇಷ್ಟ ಲಗೂನ ತಿರಿಗಿ ತಂದಿ?”

“ಕೈ ಮುಗಿದು? ನಾನ? ತಂಗೀ, ನನ್ನ ಬಾಗಲ ಮುಂದ ಇಳಿಸಿ, ಮೈಕನ್ಯಾಗ ಒದರಿಸಿ ಹೋದಾಂವ ನಿನ್ನ ಗಂಡ!”

ಗೌರವ್ವ ಗಂಡನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೆಂಚಪ್ಪನವರು ಗೆಳೆಯನ ರಟ್ಟೆ ಹಿಡಿದು ಬದಿಗೆ ಎಳೆದರು. “ಲೇ, ತೊಟ್ಟಿಲಕ್ಕ ಯಾರರ ಮುಯ್ಯಿ ತೀರಸ್ತಾರೇನೋ?”

“ನನ್ನ ಸೊಸಿ ತೀರಸ್ತಾಳ. ದೇವರ ಮನಿ ಮುಂದ ನಿನ್ನ ಕುಸ್ತಿ ಮಶೀನು ನಿಂತಿತ್ತು, ಆಕಿ ಮಾತು ಬಿಟ್ಟಿದ್ಲು. ನನಗರ ಮನಸಿತ್ತೇನೋ?” ಶೆಟ್ಟೆಪ್ಪನ ದನಿ ಇಳಿಯಿತು. “ಟೆಂಪೋಕ್ಕ ಹೇರೂ ಮುಂದ ಒಂದ ಸಲ ಇಟ್ಟಂಗಿ ಒಡದ ಬಂದ್ನಿ. ಕೈ ನಡಗತಾವೋ. ಮೊದಲನೇ ಹಂತಾನ ದಾಟಲಿಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಮಶೀನುಗಳನ್ನು ನೋಡುತ್ತ ನಿಂತರು. ಅಷ್ಟರಲ್ಲಿ ಒಳಗಿನಿಂದ ದಾನೇಶ್ವರಿ ಕರೆದಳು. ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಸಿನ ಮೇಲೆ ಕುಳಿತಿದ್ದವಳ ಕಣ್ಣಲ್ಲಿ ನೀರಿತ್ತು.

“ಅಪ್ಪಾ, ತೊಟ್ಟಿಲದಾಗ ಬಂದ ಆಯಾರೆಲ್ಲಾ ಕೂಸಿಂದು. ಅದೆಲ್ಲಾ ನನ್ನ ಕೂಡ ಹುಕ್ಕೇರಿಗೆ ಬರಬೇಕು. ಇವೂ ಬರ್ತಾವೇನು?”

ಕೆಂಚಪ್ಪನವರಿಗೆ ಇದು ಹೊಳೆದೇ ಇರಲಿಲ್ಲ.

“ಹುಟ್ಟಿ ಬೆಳೆದ ಮನ್ಯಾಗ ನಾ ಇವುಕ್ಕ ಜಾಗಾ ಬಿಟ್ಟು ಪಡಸಾಲ್ಯಾಗ ಮಲಗೇನಿ. ಗಂಡನ ಮನ್ಯಾಗೂ ಬಿಡಬೇಕೇನಪಾ? ತವರವರು ಮೊಮ್ಮಗಳಿಗೆ ಗುಜರಿ ಕೊಟ್ಟು ಕಳಿಸ್ಯಾರ ಅಂತ ನಾ ಎಷ್ಟ ದಿನಾ ಅನ್ನಿಸಿಕೊಳ್ಳಲಿ?”

ಎಂಟು ಪಂಚಮಿಗಳಲ್ಲಿ ಅವಳು ಒಮ್ಮೆಯೂ ಈ ಮಾತು ಎತ್ತಿರಲಿಲ್ಲ. ಕೆಂಚಪ್ಪನವರು ನೇರವಾಗಿ ಹೊರಗೆ ಹೋಗಿ ಮೈಕಿನವನ ಕೈಯಿಂದ ಮೈಕು ತೆಗೆದುಕೊಂಡರು. ಪೆಂಡಾಲಿನಲ್ಲಿ ಗುಗ್ಗರಿ ಜಗಿಯುವ ಸಪ್ಪಳವೂ ನಿಂತಿತು.

“ಬೀಗರಿಗೆ, ಬಂದ ಮಂದಿಗೆಲ್ಲಾ ಶರಣು. ಈ ಐದೂ ಮಶೀನು ಕೂಸಿನ ಆಯಾರಲ್ಲ. ಇವು... ಇವು ಗುಜರಿ.” ತಮ್ಮ ಮಶೀನುಗಳಿಗೆ ಆ ಶಬ್ದವನ್ನು ಅವರು ಹಚ್ಚಿದ್ದು ಆಯುಷ್ಯದಲ್ಲಿ ಅದೇ ಮೊದಲು. “ಖರೇನ ಗುಜರಿ. ನಾನ ಶೆಟ್ಟೆಪ್ಪಗ ದಬ್ಬಿದ್ನಿ, ಅಂವ ತಿರಿಗಿ ನನಗ ದಬ್ಬ್ಯಾನ. ತಪ್ಪು ನಮ್ಮಿಬ್ಬರದು. ನನ್ನ ಮಗಳ ಕೂಡ ಇದರಾಗಿಂದು ಒಂದ ಮೊಳಿನೂ ಹುಕ್ಕೇರಿಗೆ ಬರಂಗಿಲ್ಲ. ನಾಳೆ ಮುಂಜಾನೆ ಒಡದ ಹಾಕಸ್ತೀನಿ.”

ಸೊಂಟದ ನೋವಿಗೂ ಬಾಗದ ತಲೆಯನ್ನು ಅವರು ಕೆಳಗೆ ಹಾಕಿ ನಿಂತರು. ಕಿವಿ ಕೆಂಪಗಾಗಿದ್ದವು.

ಆಗ ದುಂಡವ್ವ ಎದ್ದರು. ನಿಧಾನವಾಗಿ ನಡೆದು ಬಂದು ಕುಸ್ತಿ ಮಶೀನಿನ ಪಕ್ಕೆಗೆ ಬೆರಳ ಗೆಣ್ಣಿನಿಂದ, ಕುಂಬಳಕಾಯಿ ಆರಿಸುವವರಂತೆ, ಟಕ್ ಟಕ್ ಎಂದು ಬಡಿದು ನೋಡಿದರು.

“ಬೀಗ್ರ, ಇದರ ಹಿಂದಿನ ಬಾಗಲಾ ತಗೀರಿ.”

“ಯಾಕ್ರಿ ಬೀಗ್ತ್ಯಾರ? ಒಳಗ ಬರೇ ವಾಯರ್ ಅದಾವ್ರಿ.”

“ತಗೀರಿ ಅಂದ್ನಿ.”

ಕೆಂಚಪ್ಪನವರು ಕೀಲಿ ತಿರುಗಿಸಿ ತೆಗೆದರು. ದುಂಡವ್ವ ಸೊಂಟದವರೆಗೆ ಒಳಗೆ ಬಗ್ಗಿ, ಮೂಸಿ, ಕೈಯಾಡಿಸಿ ಹೊರಬಂದರು.

“ಎಂಥಾ ಕಟಗಿ! ಒಂದ ಇಲಿ ಹೊಕ್ಕಿಲ್ಲ, ಒಂದ ಜೊಂಡಿಗ್ಯಾ ಇಲ್ಲ. ಈ ಟಿವಿ ತಗದ್ರ ಆರ ತಿಂಗಳ ಕಟಕ ರೊಟ್ಟಿ ಕುಂಡ್ರತಾವ. ಕೀಲಿನೂ ಐತಿ. ಯಾವ ಪುಣ್ಯಾತ್ಮ ಇದನ್ನ ಗುಜರಿ ಅಂದಾಂವ?”

ಹೇಳಬಾರದು, ಆ ಮಶೀನುಗಳ ಸುತ್ತ ಹೆಂಗಸರು ಗುಂಪುಗಟ್ಟಿದಷ್ಟು ಅಂಗಡಿಯ ಕಾಲದಲ್ಲಿ ಹುಡುಗರೂ ಗುಂಪುಗಟ್ಟಿರಲಿಲ್ಲ. ದುಂಡವ್ವ ಕುಸ್ತಿಯನ್ನೂ ವಿಮಾನವನ್ನೂ ಹುಕ್ಕೇರಿಗೆ ಎಂದು ಮುಟ್ಟಿ ಹಿಡಿದರು. ಕಾರಿನದು ಓಣಿಯ ತಾಯವ್ವನಿಗೆ, ಹಪ್ಪಳ ಸಂಡಿಗೆ ಇಡಲು. ಉಳಿದ ಎರಡಕ್ಕೆ ಜಗಳವೇ ಹತ್ತಿತು. ಶೆಟ್ಟೆಪ್ಪ ಗುಂಪಿನ ನಡುವೆ ನುಗ್ಗಿ, “ಮೂಡಲಗ್ಯಾಗ ಇನ್ನೂ ಅದಾವ್ರಿ ಯವ್ವಾ, ಯಾರೂ ಬಡದಾಡಬ್ಯಾಡ್ರಿ!” ಎಂದು ಕೂಗತೊಡಗಿದ.

“ಅಲ್ರಿ, ಆ ಟಿವಿ ಚಾಲೂ ಐತ್ರಿ” ಎಂದು ಕೆಂಚಪ್ಪನವರು ಕ್ಷೀಣವಾಗಿ ಹೇಳಿದರು. “ಕುಸ್ತಿ ಇನ್ನೂ ನಡಿತೈತಿ. ಬೇಕಂದ್ರ ತೋರಸ್ತೀನಿ...”

“ಗುಜರಿ ಅಂದ್ರೆಲ್ರಿ ಈಗ, ಮೈಕನ್ಯಾಗ?” ಎಂದರು ದುಂಡವ್ವ.

ಒಳಗಿನದನ್ನು ಬಿಚ್ಚಲು ಬರುವವರು ಇಡೀ ಪೆಂಡಾಲಿನಲ್ಲಿ ಕೆಂಚಪ್ಪನವರೊಬ್ಬರೇ. ಗೌರವ್ವ ತಾವೇ ಹೋಗಿ ಸ್ಕ್ರೂಡ್ರೈವರ್ ತಂದು ಕೈಗಿಟ್ಟರು. ಹೊಸ ಟೊಪಗಿ ಹಾಕಿಕೊಂಡಿದ್ದ ಯಜಮಾನರು ಬೀಗಿತ್ತಿಯ ಎದುರಿಗೆ ಮೊಳಕಾಲೂರಿ ಕುಳಿತು, ನಿಪ್ಪಾಣಿಯಿಂದ ಗಾದಿಯಲ್ಲಿ ಸುತ್ತಿ ತಂದಿದ್ದ ಕುಸ್ತಿ ಮಶೀನಿನ ಕರುಳನ್ನು ಎಳೆ ಎಳೆಯಾಗಿ ಹೊರಗೆಳೆದರು. ಕೊನೆಗೆ ಟಿವಿಯನ್ನು ಎರಡೂ ಕೈಯಿಂದ ಎದೆಗವಚಿಕೊಂಡು ಎದ್ದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದರು. ಪಕ್ಕದಲ್ಲಿ ಗೌರವ್ವ ಖಾಲಿ ಪೆಟ್ಟಿಗೆಯೊಳಗೆ ಬಗ್ಗಿ, ಆಗಲೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಒಳಗಿನಿಂದಲೇ ಅವರ ಮಾತು ಗುಂಯ್‌ಗುಟ್ಟುತ್ತ ಬಂತು:

“ನೋಡ್ರಿ, ಇಷ್ಟ ವರ್ಷ ಇವನ್ನ ಯಾರೂ ಯಾಕ ಒಯ್ಯಲಿಲ್ಲಂತ ಈಗ ತಿಳೀತು. ಒಳಗ ಗೇಮ್ ಇತ್ತು, ಅದಕ್ಕ.”