ಅಡುಗೆಮನೆ ಕಿಟಕಿಯ ಲಾರ್ಚ್ ಮರ

ಗಂಡ ನೆಟ್ಟ ಮರವನ್ನು ಹೆಂಡತಿ ಉರುಳಿಸಬೇಕಾದರೆ ಇರುವುದು ಎರಡೇ ದಾರಿ: ಒಂದು ಬಿರುಗಾಳಿ, ಇನ್ನೊಂದು ಸನ್ಮಾನ. ಬಲ್ಕೋರಿ ಎಂಬ ಊರಿನ ಡೋಲಿನಾ ಮೊದಲನೆಯದಕ್ಕಾಗಿ ಇಪ್ಪತ್ತು ವರ್ಷ ಕಾದಳು. ಪ್ರತಿ ಚಳಿಗಾಲವೂ ಗಾಳಿ ಬಂದು ಏನನ್ನಾದರೂ ಹೊತ್ತುಕೊಂಡು ಹೋಗುತ್ತಿತ್ತು. ಒಂದು ವರ್ಷ ಅವಳ ಕೋಳಿಗೂಡಿನ ಮಾಡು, ಮತ್ತೊಂದು ವರ್ಷ ಚರ್ಚಿನ ಗೋಪುರದ ಮೇಲಿನ ತಗಡಿನ ಹುಂಜ, ಒಮ್ಮೆ ಪಕ್ಕದ ಮನೆಯವರ ದೋಣಿ. ಆದರೆ ಅವಳ ಅಡುಗೆಮನೆಯ ಒಂದೇ ಒಂದು ಕಿಟಕಿಗೆ ಎದೆಕೊಟ್ಟು ನಿಂತಿದ್ದ ಲಾರ್ಚ್ ಮರದ ಕಡ್ಡಿಯೂ ಕೊಂಕುತ್ತಿರಲಿಲ್ಲ.

ಆ ಮರವನ್ನು ಅವಳ ಗಂಡ ಹೆಕ್ಟರ್ ನೆಟ್ಟದ್ದು ಮದುವೆಯಾದ ವಾರದಲ್ಲಿ. ಆಗ ಅದು ಊರುಗೋಲಿನಷ್ಟಿತ್ತು. ಬೆಳೆದ ಮೇಲೆ ಒಳ್ಳೆಯ ನೆರಳು ಕೊಡುತ್ತದೆ ಎಂದು ಅವನು ಹೊಸ ಹೆಂಡತಿಗೆ ಹೇಳಿದ್ದ. (ಬಲ್ಕೋರಿಯಲ್ಲಿ ಸೂರ್ಯ ಶ್ರೀಮಂತ ನೆಂಟನ ಹಾಗೆ, ವರ್ಷಕ್ಕೊಮ್ಮೆ ಮುಖ ತೋರಿಸಿ, ಕೂರು ಎನ್ನುವಷ್ಟರಲ್ಲಿ ಹೊರಟುಬಿಡುತ್ತಾನೆ. ಅಲ್ಲಿ ನೆರಳು ಬೇಕು ಎಂದು ಕೇಳಿದ ಮನುಷ್ಯ ಹೆಕ್ಟರನ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ.) ಹೊಸದರಲ್ಲಿ ಡೋಲಿನಾ ಆ ಗಿಡಕ್ಕೆ ತಾನೇ ನೀರು ಹೊಯ್ದಳು. ಐದನೇ ವರ್ಷಕ್ಕೆ ಅದು ಕಿಟಕಿಯೊಳಗೆ ಇಣುಕಿತು. ಹತ್ತನೇ ವರ್ಷಕ್ಕೆ ಕಿಟಕಿಯೇ ಕಾಣದಾಯಿತು. ಆಮೇಲೆ ಅವಳು ಓಟ್ಸ್ ಗಂಜಿಯನ್ನು ವಾಸನೆಯ ಮೇಲೆ ಕಾಯಿಸಿದಳು, ಮೀನನ್ನು ಸದ್ದಿನ ಮೇಲೆ ಹುರಿದಳು. ಒಂದು ಸಲ ಸಕ್ಕರೆಯೆಂದು ಉಪ್ಪು ಸುರಿದು ಜಾಮ್ ಮಾಡಿದಾಗ ಹೆಕ್ಟರ್ ಅದನ್ನು ತಿಂಗಳಿಡೀ ತುಟಿಪಿಟಕ್ಕೆನ್ನದೆ ತಿಂದ. ಜಗಳವಾಡಿದ್ದರೆ ಮಾತು ಮರದ ತನಕ ಹೋಗುತ್ತದೆಂದು ಅವನಿಗೆ ಗೊತ್ತಿತ್ತು.

ಎರಡನೆಯ ದಾರಿ ತೆರೆದದ್ದು ಊರಿನ ಆಟದ ಕಂಬ ಸೀಳಿಹೋದ ವರ್ಷ.

ಈ ಕಂಬಕ್ಕೆ ಅಲ್ಲಿ ಕೇಬರ್ ಎನ್ನುತ್ತಾರೆ. ಆಗಸ್ಟಿನ ಊರ ಆಟದ ದಿನ ಗಂಡಸರು ಕಿಲ್ಟ್ ಎಂಬ ನೆರಿಗೆಯ ಲಂಗ ಉಟ್ಟು ಅದನ್ನು ಎಸೆಯುತ್ತಾರೆ. ಸಣ್ಣ ತುದಿಯನ್ನು ಬೊಗಸೆಯಲ್ಲಿಟ್ಟು, ದಪ್ಪ ತುದಿಯನ್ನು ಆಕಾಶಕ್ಕೆ ಮಾಡಿ, ನಾಲ್ಕು ಹೆಜ್ಜೆ ಓಡಿ, ಮೇಲಕ್ಕೆ ಚಿಮ್ಮಿಸಬೇಕು. ಕಂಬ ಗಾಳಿಯಲ್ಲಿ ಲಾಗ ಹಾಕಿ, ದಪ್ಪ ತುದಿ ನೆಲಕ್ಕೆ ಬಡಿದು, ಸಣ್ಣ ತುದಿ ಆಚೆಗೆ ಮಗುಚಿ ಬೀಳಬೇಕು. ದೂರಕ್ಕೆ ಬೆಲೆಯಿಲ್ಲ, ನೇರಕ್ಕೆ ಬೆಲೆ. ಮೈದಾನವೇ ಒಂದು ಗಡಿಯಾರ ಎಂದುಕೊಳ್ಳಿ. ಎಸೆದವನ ಮೂಗಿನ ನೇರಕ್ಕೆ ಬಿದ್ದರೆ ಹನ್ನೆರಡು ಗಂಟೆ, ಅದೇ ಪೂರ್ಣಾಂಕ. ಬಲಕ್ಕೆ ವಾಲಿದರೆ ಎರಡು, ಮೂರು, ಹೀಗೆ ಮರ್ಯಾದೆ ಇಳಿಯುತ್ತ ಹೋಗುತ್ತದೆ. ಹೊಸ ಕಂಬವಾದರೆ ಇನ್ನೊಂದು ಪದ್ಧತಿ. ಯಾರಿಂದಲೂ ಮಗುಚಲಾಗದಿದ್ದರೆ ಗರಗಸ ತಂದು ದಪ್ಪ ತುದಿಯಿಂದ ಒಂದು ತುಂಡು ಕೊಯ್ಯುತ್ತಾರೆ. ಯಾರಾದರೂ ಮಗುಚುವವರೆಗೂ ಕೊಯ್ಯುತ್ತಾರೆ. ಮಗುಚಿದ ಮೇಲೆ ಅದನ್ನು ಗರಗಸ ಮುಟ್ಟುವಂತಿಲ್ಲ. ಮೊದಲು ಮಗುಚಿದವನಿಗೆ ಅದಕ್ಕೆ ಹೆಸರಿಡುವ ಹಕ್ಕು, ಆಟವಿಲ್ಲದ ದಿನಗಳಲ್ಲಿ ಅದನ್ನು ಮನೆಯಲ್ಲಿ ಜೋಪಾನ ಮಾಡುವ ಭಾರ. ಎಲ್ಲರೂ ತಮ್ಮ ಹೆಸರನ್ನೇ ಇಡುತ್ತಿದ್ದರು. ಗಂಡಸರಿಗೆ ಬೇರೆ ಹೆಸರು ಹೊಳೆಯುವುದು ಕಷ್ಟ.

ಆಟದ ಮಂಡಳಿಯ ಅಧ್ಯಕ್ಷರು ಲಮ್ಸ್‌ಡನ್ ಮೇಷ್ಟರು. ಹೊಸ ಕಂಬಕ್ಕೆ ನೇರವಾದ ಮರ ಬೇಕೆಂದು ಅವರು ಕಾಡು ಸುತ್ತುತ್ತಿದ್ದಾರೆಂಬ ಸುದ್ದಿ ಬಂದ ದಿನವೇ ಡೋಲಿನಾ ಅವರನ್ನು ಚಹಕ್ಕೆ ಕರೆದಳು. ಕಿಟಕಿಗೆ ಎದುರಾಗಿ ಕುರ್ಚಿ ಹಾಕಿದಳು. ಬಿಸಿ ಸ್ಕೋನ್ ಬನ್ನು ಕೊಟ್ಟಳು, ಬೆಣ್ಣೆ ಕೊಟ್ಟಳು, ಮರದ ಮಾತೆತ್ತಲಿಲ್ಲ. ಮೇಷ್ಟರು ಎರಡನೆಯ ಸ್ಕೋನಿಗೆ ಕೈಯಿಟ್ಟವರು ಅಲ್ಲೇ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು ಕಿಟಕಿಯ ಹತ್ತಿರ ಹೋದರು. ಹೆಕ್ಟರ್ ಅಂಚೆಯ ಚೀಲ ಇಳಿಸಿ ಒಳಗೆ ಬರುವುದಕ್ಕೂ ಅದಕ್ಕೂ ಸರಿಹೋಯಿತು.

"ಸುಮ್ನಿರಿ ಮೇಷ್ಟ್ರೇ," ಎಂದಳು ಡೋಲಿನಾ. "ಅದನ್ನ ಕೇಳ್ಬೇಡಿ. ಹೆಕ್ಟರ್‌ಗೆ ಊರಿಗಿಂತ ಮರಾನೇ ಹೆಚ್ಚು."

ಊರಿಗೆಲ್ಲ ಕಾಗದ ಹಂಚುವ ಮನುಷ್ಯ ಈ ಮಾತು ಕೇಳಿಸಿಕೊಂಡು ಮತ್ತೇನು ಹೇಳಿಯಾನು? ಊರಿಗಾಗಿ ಒಂದು ಮರ ಯಾವ ಲೆಕ್ಕ ಎಂದ. ಹೇಳುವಾಗ ಅವನ ದನಿ ತನ್ನದೇ ಕಾಲು ದಾನ ಮಾಡುವವನ ದನಿಯಂತಿತ್ತು. ಮುಂದಿನ ವಾರವೇ ಮರ ಉರುಳಿತು. ತೊಗಟೆ ಕೆತ್ತಿ, ಮೇಷ್ಟರ ಕೊಟ್ಟಿಗೆಯಲ್ಲಿ ಒಣಗಲು ಇಟ್ಟರು.

ಮಾರನೆಯ ಬೆಳಿಗ್ಗೆ ಡೋಲಿನಾಳ ಅಡುಗೆಮನೆಗೆ ಬೆಳಕು ನುಗ್ಗಿತು. ನುಗ್ಗಿದ ಬೆಳಕು ಇಪ್ಪತ್ತು ವರ್ಷದ ಮಸಿ, ಜೇಡರಬಲೆ, ಕಪಾಟಿನ ಹಿಂದೆ ಬಿದ್ದ ಎರಡು ಚಮಚ, ಒಂದು ಕಾಲುಚೀಲ ಎಲ್ಲವನ್ನೂ ಎತ್ತಿ ತೋರಿಸಿತು. ಅವಳು ವಾರವಿಡೀ ಗೋಡೆ ತಿಕ್ಕಿದಳು. ಕತ್ತಲಿದ್ದಾಗ ಮನೆ ಎಷ್ಟು ಚೊಕ್ಕಟವಾಗಿತ್ತು ಎಂದು ಹೆಕ್ಟರ್ ಬಾಗಿಲಲ್ಲಿ ನಿಂತು ನೆನಪಿಸಿಕೊಂಡ. ಅವಳು ಒದ್ದೆ ಬಟ್ಟೆಯನ್ನು ಅವನ ಕಡೆ ಬೀಸಿದಳು. ಆದರೂ ಅವಳು ಆ ವಾರ ಸುಖಿಯಾಗಿದ್ದಳು. ಕಿಟಕಿಯಿಂದ ಹಳ್ಳ ಕಾಣುತ್ತಿತ್ತು, ಹಳ್ಳದಾಚೆ ಆಟದ ಮೈದಾನ ಕಾಣುತ್ತಿತ್ತು. ಮದುವೆಯ ಹೊಸದರಲ್ಲಿ ಪಾತ್ರೆ ತೊಳೆಯುತ್ತ ಅದನ್ನು ನೋಡುತ್ತಿದ್ದುದು ಅವಳಿಗೆ ಮರೆತೇ ಹೋಗಿತ್ತು.

ಸುಖ ವಾರಕ್ಕೇ ಮುಗಿಯಿತು. ಭಾನುವಾರದ ಊಟದಲ್ಲಿ, ಆಲೂಗಡ್ಡೆಯ ಮೇಲೆ ಖೀಮಾ ಬಡಿಸಿಕೊಳ್ಳುತ್ತ, ಹೆಕ್ಟರ್ ಈ ಸಲ ತಾನೂ ಕಂಬ ಎಸೆಯುವುದಾಗಿ ಹೇಳಿದ.

"ನಿಂಗೆ ಐವತ್ತೇಳು ವರ್ಷ," ಎಂದಳು ಡೋಲಿನಾ.

"ಮರಕ್ಕೆ ಮೂವತ್ತೇ."

"ಬಗ್ಗಿ ಬೂಟು ಕಟ್ಕೊಳೋಕ್ಕೆ ನಾನು ಬೇಕು. ಕಂಬ ಎತ್ತೋಕ್ಕೆ ಯಾರು ಬರ್ತಾರೆ?"

ಹೆಕ್ಟರ್ ಚಮಚ ಕೆಳಗಿಟ್ಟ. "ಕಸಾಯಿ ಫಿನ್ಲೇ ಮಗುಚ್ತಾನಂತೆ. ಆಮೇಲೆ ಅದು ಫಿನ್ಲೇ ಕಂಬ. ನಾನು ನೆಟ್ಟಿದ್ದು, ನೀನು ನೀರು ಹಾಕಿದ್ದು. ಹೆಸರು ಮಾತ್ರ ಅವಂದು. ನಾನದನ್ನ ಕೂತು ನೋಡ್ಲಾ?"

ಡೋಲಿನಾ ಅವನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಬಡಿಸಿದಳು.

ಪೆಟ್ಟಿಗೆಯ ತಳದಿಂದ ಹಳೆಯ ಕಿಲ್ಟ್ ಹೊರಬಂತು. ನುಸಿ ಅದರಲ್ಲಿ ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡಿತ್ತು. ಸೊಂಟದ ಪಟ್ಟಿಯ ತುದಿ ಬಕಲ್‌ನಿಂದ ಒಂದು ಗೇಣು ದೂರ ನಿಂತಿತು. ಕಿಲ್ಟ್ ಕುಗ್ಗಿದೆ ಎಂದ ಹೆಕ್ಟರ್. ಹೌದು, ನಿನ್ನ ಸುತ್ತ ಎಲ್ಲವೂ ಕುಗ್ಗುತ್ತಿದೆ, ಕುರ್ಚಿ ಕೂಡ ಎಂದಳು ಡೋಲಿನಾ. ಬೈಯುತ್ತಲೇ ನೆರಿಗೆ ಬಿಚ್ಚಿ, ತೂತುಗಳಿಗೆ ತೇಪೆ ಹಾಕಿ, ಹೊಸ ಪಟ್ಟಿ ಹೊಲಿದಳು. ಅಭ್ಯಾಸಕ್ಕೆಂದು ಅವನು ಆರಿಸಿಕೊಂಡದ್ದು ಅವಳ ಬಟ್ಟೆ ಒಣಹಾಕುವ ಹಗ್ಗದ ಕಂಬವನ್ನು. ಅದು ಒಮ್ಮೆ ಕೋಳಿಗೂಡಿನ ಮೇಲೆ ಬಿತ್ತು, ಒಮ್ಮೆ ಎಲೆಕೋಸಿನ ಪಾತಿಯ ಮೇಲೆ, ಒಮ್ಮೆ, ಹೇಗೋ ಗೊತ್ತಿಲ್ಲ, ಅವನ ಹಿಂದೆ. ಊರಿನ ಗಡಿಯಾರದಲ್ಲಿ ಆರು ಗಂಟೆಗೆ ಕಂಬ ಬೀಳಿಸಿದವರು ಯಾರೂ ಇರಲಿಲ್ಲ. ರಾತ್ರಿ ಅವಳು ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತ, ಇವನು ಮಗುಚಲಾರ, ಫಿನ್ಲೇಯೇ ಮಗುಚಲಿ, ಹಾಳು ಮರ ಅವನ ಮನೆಗೇ ಹೋಗಲಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿಯೇ ಇತ್ತು.

ಆಟದ ದಿನ ಮೋಡ ಕವಿದಿತ್ತು, ಮಳೆ ಬರಲಿಲ್ಲ. ಬಲ್ಕೋರಿಯವರು ಅದನ್ನು ಸುಂದರವಾದ ದಿನ ಎನ್ನುತ್ತಾರೆ. ಡೋಲಿನಾ ಮೈದಾನದ ಬಲಬದಿಯ ಚಹದ ಡೇರೆಯಲ್ಲಿ, ಮೂವತ್ತು ವರ್ಷದಿಂದ ನಿಂತ ಜಾಗದಲ್ಲೇ, ಕೆಟಲ್ ಹಿಡಿದು ನಿಂತಿದ್ದಳು. ಐದು ಮಂದಿ ಕಂಬಕ್ಕೆ ನಿಂತರು. ಮೊದಲ ಸುತ್ತಿನಲ್ಲಿ ಯಾರಿಂದಲೂ ಅದು ಮಗುಚಲಿಲ್ಲ. ಫಿನ್ಲೇ ಎಸೆದದ್ದು ನೆಟ್ಟಗೆ ನಿಂತು, ಯೋಚನೆ ಮಾಡಿ, ಅವನ ಕಡೆಗೇ ವಾಪಸು ಬಂತು. ಹೆಕ್ಟರನದು ಮಗುಚದೆಯೇ ಬಲಕ್ಕೆ ವಾಲಿ ಚಹದ ಡೇರೆಯ ಕಡೆಗೆ ಒರಗಿತು. ಮೇಷ್ಟರು ಗರಗಸ ತರಿಸಿದರು. ಗರಗಸದ ಸದ್ದಿಗೆ ಹೆಕ್ಟರ್ ಬೆನ್ನು ತಿರುಗಿಸಿ ನಿಂತದ್ದನ್ನು ಡೋಲಿನಾ ಮಾತ್ರ ನೋಡಿದಳು.

ಎರಡನೆಯ ಸುತ್ತಿಗೆ ಮೂವರು ಸೋತು ಹಿಂದೆ ಸರಿದರು. ಫಿನ್ಲೇಯದು ಕೂದಲೆಳೆಯಲ್ಲಿ ತಪ್ಪಿತು. ಹೆಕ್ಟರನದು ಮಗುಚದೆ ಮತ್ತೆ ಬಲಕ್ಕೇ, ಮತ್ತೆ ಡೇರೆಯ ಕಡೆಗೇ ಬಿತ್ತು. ಕೆಟಲ್ ಹಿಡಿದವಳ ಕಾಲಿಗೂ ಅದಕ್ಕೂ ನಾಲ್ಕು ಮಾರು ಅಂತರ.

"ಏನಜ್ಜ, ಚಹಾ ಕುಡ್ಯೋಕ್ಕೆ ಕಂಬ ಕಳಿಸ್ತಿದ್ದೀಯಾ?" ಎಂದು ಫಿನ್ಲೇ ಕೂಗಿದ. ಜನ ನಕ್ಕರು. ಮತ್ತೆ ಗರಗಸ ಬಂತು. ಇನ್ನೊಂದು ತುಂಡು ಹೋದ ಮೇಲೆ ಕಂಬವನ್ನು ಫಿನ್ಲೇ ಮಗುಚುವುದು ಖಂಡಿತವೆಂದು ಕುರುಡನಿಗೂ ಕಾಣುತ್ತಿತ್ತು. ಚೀಟಿ ಎತ್ತಿದಾಗ ಮೊದಲ ಸರದಿ ಹೆಕ್ಟರನಿಗೆ ಬಂತು. ಅವನಿಗಿದ್ದದ್ದು ಅದೊಂದೇ ಎಸೆತ.

ಎಲ್ಲರೂ ನಗುತ್ತಿದ್ದರು, ಡೋಲಿನಾಗೆ ಮಾತ್ರ ನಗು ಬರಲಿಲ್ಲ. ಕಂಬ ತನ್ನ ಕಡೆಗೆ ಬೀಳುವುದು ಅವಳಿಗೆ ಹೊಸದಲ್ಲ. ಅವಳಿಗೆ ಇಪ್ಪತ್ತೆರಡು ತುಂಬಿದ ಬೇಸಿಗೆಯಲ್ಲಿ, ಇದೇ ಮೈದಾನದಲ್ಲಿ, ಕೆಂಪು ಕೂದಲಿನ ಅಂಚೆಯ ಹುಡುಗನೊಬ್ಬ ಎಸೆದ ಕಂಬವೆಲ್ಲ ಅವಳು ನಿಂತ ಕಡೆಗೇ ಬೀಳುತ್ತಿತ್ತು. ಮೂರು ಗಂಟೆಗೆ ನಿಂತರೆ ಮೂರಕ್ಕೆ, ಒಂಬತ್ತಕ್ಕೆ ಸರಿದರೆ ಒಂಬತ್ತಕ್ಕೆ. ಇವನು ತನ್ನನ್ನು ಕೊಲ್ಲಬೇಕೆಂದಿದ್ದಾನೋ ಮದುವೆಯಾಗಬೇಕೆಂದಿದ್ದಾನೋ ಎಂದು ಅವಳು ಅಕ್ಕನನ್ನು ಕೇಳಿದ್ದಳು. ಎಸೆಯುವಾಗ ಅವನ ಕಣ್ಣು ಎಲ್ಲಿರುತ್ತದೆ ಎನ್ನುವುದು ಅಕ್ಕನಿಗೆ ಗೊತ್ತಾಗಿತ್ತು. ಮುಂದಿನ ಎಸೆತಕ್ಕೆ ಅಕ್ಕ ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಅವನ ಮೂಗಿನ ನೇರಕ್ಕೆ, ಮೈದಾನದ ಆಚೆ ತುದಿಯಲ್ಲಿ ನಿಲ್ಲಿಸಿದ್ದಳು. ಅವತ್ತು ಕಂಬ ಹನ್ನೆರಡು ಗಂಟೆಗೆ ಬಿದ್ದಿತ್ತು.

ಆಮೇಲೆ ಮದುವೆ, ಮಕ್ಕಳು, ಚಹದ ಡೇರೆ. ಅವನು ಕಂಬ ಬಿಟ್ಟ. ಅವನ ಕಣ್ಣು ಈಗಲೂ ಎಲ್ಲಿಗೆ ಹೋಗುತ್ತದೆಂದು ಅವಳು ಎಂದೂ ವಿಚಾರಿಸಿರಲಿಲ್ಲ. ಅಂಥದ್ದನ್ನೆಲ್ಲ ವಿಚಾರಿಸುವ ಅಭ್ಯಾಸ ಅವರ ಮನೆಯಲ್ಲಿರಲಿಲ್ಲ.

ಹೆಕ್ಟರ್ ಬಗ್ಗಿ ಕಂಬದ ತುದಿಯನ್ನು ಬೊಗಸೆಗೆ ತಂದುಕೊಳ್ಳುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಡೋಲಿನಾ ಕೆಟಲ್ ಹಿಡಿದುಕೊಂಡೇ ಡೇರೆ ಬಿಟ್ಟು ಹೊರಟಳು. ಮೈದಾನದ ಅಂಚು ಸುತ್ತಿ, ಮೇಷ್ಟರು ಕೈಬೀಸಿ ತಡೆದರೂ ಕೇಳದೆ, ಗಂಡನ ನೇರಕ್ಕೆ ಆಚೆ ತುದಿಯಲ್ಲಿ ಹೋಗಿ ನಿಂತಳು. ಆ ಹೊತ್ತಿನಲ್ಲಿ ಅವಳಿಗೆ ಊರಿನ ಪದ್ಧತಿ ನೆನಪಿರಲಿಲ್ಲ, ಕಿಟಕಿ ನೆನಪಿರಲಿಲ್ಲ. ಇಪ್ಪತ್ತು ವರ್ಷ ಕಾದು ಗೆದ್ದ ಬೆಳಕೂ ನೆನಪಿರಲಿಲ್ಲ.

"ಹೆಕ್ಟರ್," ಎಂದು ಕೂಗಿದಳು. "ಇಲ್ಲಿದ್ದೀನಿ ಕಣೋ. ಇಲ್ಲಿ ನೋಡು."

ಅವನು ನೋಡಿದ. ನಾಲ್ಕು ಹೆಜ್ಜೆ ಓಡಿದ. ಕಂಬ ಎದ್ದಿತು, ದಪ್ಪ ತುದಿ ಹುಲ್ಲಿಗೆ ಬಡಿಯಿತು. ಸಣ್ಣ ತುದಿ ಒಂದು ಕ್ಷಣ ಆಕಾಶದಲ್ಲಿ ನಿಂತು, ಆಮೇಲೆ ಯಾವ ಅವಸರವೂ ಇಲ್ಲದೆ ಅವಳ ಕಡೆಗೆ ಬಾಗಿ ಬಂದು ನೇರ ಹನ್ನೆರಡು ಗಂಟೆಗೆ ಮಲಗಿತು. ಮೈದಾನವೆಲ್ಲ ಚಪ್ಪಾಳೆ ಹೊಡೆಯಿತು. ಫಿನ್ಲೇ ಕೂಡ ಬಂದು ಅಜ್ಜನ ಕೈ ಕುಲುಕಿದ. ಕೆಟಲಿನ ಚಹಾ ಅರ್ಧ ಅವಳ ಬೂಟಿನೊಳಗೆ ಹೋಗಿತ್ತು. ಅವಳಿಗೆ ಅದು ಗೊತ್ತಾದದ್ದು ಮನೆಗೆ ಹೋದ ಮೇಲೆ.

ಕಂಬ ಮನೆಗೆ ಬಂದದ್ದು ಸಂಜೆ, ಆರು ಜನರ ಹೆಗಲ ಮೇಲೆ, ಮುಂದೆ ಬ್ಯಾಗ್‌ಪೈಪ್ ಊದುವವನು. ಮದುವಣಗಿತ್ತಿಯಾಗಿ ಬಂದಾಗ ಡೋಲಿನಾಗೂ ಆ ಮರ್ಯಾದೆ ಸಿಕ್ಕಿರಲಿಲ್ಲ. ಎಲ್ಲಿಡುವುದು ಎಂದು ಮೇಷ್ಟರೇ ಮನೆ ಸುತ್ತಿ ನೋಡಿದರು. ನೆಲದ ಮೇಲಿಟ್ಟರೆ ಕೊಳೆಯುತ್ತದೆ, ಮಳೆ ತಾಗಿದರೆ ಸೊಟ್ಟಗಾಗುತ್ತದೆ. ಮುಂದಿನ ಗೋಡೆಯಲ್ಲಿ ಬಾಗಿಲಿದೆ. ಅಷ್ಟುದ್ದದ ಕಂಬಕ್ಕೆ, ಸೂರಿನ ಕೆಳಗೆ, ನೇರವಾಗಿ ಮಲಗಲು ಜಾಗವಿದ್ದದ್ದು ಒಂದೇ ಗೋಡೆಯಲ್ಲಿ. ಆ ಮನೆಯ ಸೂರು ತಗ್ಗು. ಸೂರಿನ ಕೆಳಗೇ ಅಡುಗೆಮನೆಯ, ಮೊಳವೂ ಎತ್ತರವಿಲ್ಲದ ಕಿಟಕಿ. ಗೂಟ ಹೊಡೆದು, ಕಂಬ ಏರಿಸಿ, ಹಗ್ಗ ಬಿಗಿದರು.

ಡೋಲಿನಾ ಒಳಗೆ ಹೋಗಿ ನೋಡಿದಳು. ಇಪ್ಪತ್ತು ವರ್ಷ ನಿಂತುಕೊಂಡು ಅಡ್ಡವಾಗಿದ್ದದ್ದು ಈಗ ಮಲಗಿಕೊಂಡು ಅಡ್ಡವಾಗಿತ್ತು.

"ಸಣ್ಣ ತುದೀನಾದ್ರೂ ಈ ಕಡೆ ಮಾಡ್ಬಾರ್ದಾ?" ಎಂದು ಕಿಟಕಿಯ ಅಳಿದುಳಿದ ಸಂದಿಯಿಂದ ಕೇಳಿದಳು.

ಆಗುವುದಿಲ್ಲ ಎಂದು ಮೇಷ್ಟರು ವಿಷಾದದಿಂದ ಹೇಳಿದರು. ದಪ್ಪ ತುದಿಯ ಕಡೆಗೇ ಹೆಸರು ಬರೆಯುವುದು, ಅದು ಹಾದಿಯಿಂದ ಕಾಣುವ ಕಡೆಗೇ ಇರಬೇಕು. ಹಾಗಾದರೆ ಸ್ವಲ್ಪ ಕೊಯ್ಯಿರಿ ಎಂದಳು. ಮಗುಚಿದ ಕಂಬ, ಗರಗಸ ಮುಟ್ಟುವಂತಿಲ್ಲ ಎಂದು ಹೊರಗಿನಿಂದ ಐದಾರು ಗಂಟಲು ಒಟ್ಟಿಗೆ ನೆನಪಿಸಿದವು.

ಹೆಕ್ಟರ್ ಬಿಳಿ ಬಣ್ಣದ ಡಬ್ಬಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ. ಬಹಳ ಹೊತ್ತು ನಾಲಿಗೆ ಕಚ್ಚಿಕೊಂಡು ಬರೆದ. ಕೊನೆಗೆ ಅವಳು ಹೊರಗೆ ಬಂದು, ಈ ಮನುಷ್ಯನಿಗೆ ತನ್ನ ಹೆಸರು ಬರೆಯಲು ಇಷ್ಟು ಹೊತ್ತು ಯಾಕೆ ಎಂದು ತಲೆಯೆತ್ತಿ ನೋಡಿದಳು. ಹೆಕ್ಟರ್ ಕಂಬ ಎಂದಿರಲಿಲ್ಲ. ಡೋಲಿನಾ ಕಂಬ ಎಂದಿತ್ತು.

ಇನ್ನು ಅದರ ಮೇಲೆ ದೂರು ಹೇಳುವುದು ಹೇಗೆ? ಹಾದಿಯಲ್ಲಿ ಹೋಗುವವರೆಲ್ಲ ನಿಂತು ಓದಿ, ಪುಣ್ಯವಂತೆ ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಆಕೆ ಅವರಿಗೆ ತಲೆಯಾಡಿಸಿ, ಒಳಗೆ ಬಂದು, ನಡುಹಗಲಲ್ಲಿ ದೀಪ ಹಚ್ಚಿ, ಗಂಜಿಗೆ ಹಾಕುತ್ತಿರುವುದು ಉಪ್ಪೋ ಸಕ್ಕರೆಯೋ ಎಂದು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದಳು.