ಸೊರಬ ರಸ್ತೆಯಲ್ಲಿ ದೋಣಿ

ಲೋಕಮ್ಮನ ರವಿಕೆಯ ಎಡತೋಳಿನಲ್ಲಿ ಹಂಗೇರಿ ದೇಶ ಸಿಕ್ಕಿತು.

ಸಿಕ್ಕಿದ್ದು ಶಿರಾಳಕೊಪ್ಪದ ಸೊರಬ ರಸ್ತೆಯ ಟೈಲರ್ ಜಬೀವುಲ್ಲಾನ ಅಂಗಡಿಯಲ್ಲಿ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ. ಸಂಜೆಯಾದರೆ ಆ ಅಂಗಡಿಯಲ್ಲಿ ನಾಲ್ಕಾರು ಜನ ಸೇರಿ ಪೇಪರು, ಪುಸ್ತಕ ಓದಿ ಜಗಳಾಡುತ್ತಿದ್ದರು. ಆ ಓದುಗರ ಬಳಗದ ವಿಳಾಸಕ್ಕೆ ದೆಹಲಿಯಿಂದ ಹಂಗೇರಿಯ ಪತ್ರಿಕೆಯೊಂದು ಪುಕ್ಕಟೆ ಬರುತ್ತಿತ್ತು. ಇಂಗ್ಲಿಷಿನ ಆ ಪತ್ರಿಕೆಯನ್ನು ಆನಂದಪ್ಪ ಮೇಷ್ಟ್ರು ಓದುತ್ತಿದ್ದರು, ಉಳಿದವರು ಚಿತ್ರ ನೋಡುತ್ತಿದ್ದರು. ಚಿತ್ರ ನೋಡಿ ಮುಗಿದ ಮೇಲೆ ಆ ದಪ್ಪ ನುಣುಪು ಹಾಳೆಗಳಲ್ಲಿ ಜಬೀವುಲ್ಲಾ ರವಿಕೆಯ ಅಳತೆ ಕತ್ತರಿಸಿಕೊಂಡು, ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಹೀಗಾಗಿ ಶಿರಾಳಕೊಪ್ಪದ ಅರ್ಧ ಹೆಂಗಸರ ಬೆನ್ನಳತೆ ಹಂಗೇರಿಯ ಗೋಧಿ ಹೊಲಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಉಳಿದುಬಿಟ್ಟಿತ್ತು.

ರಜೆಯಲ್ಲಿದ್ದ ಆನಂದಪ್ಪ ಮೇಷ್ಟ್ರು ಪ್ಯಾಂಟು ಇಸಿದುಕೊಳ್ಳಲು ಬಂದವರು, ಕತ್ತರಿಸಿದ ಕಾಗದದ ತೋಳನ್ನು ಎತ್ತಿಕೊಂಡು ಓದತೊಡಗಿದರು. ಓದುತ್ತಾ ಓದುತ್ತಾ ಅವರ ಕನ್ನಡಕ ಮೂಗಿನ ತುದಿಗಿಳಿಯಿತು.

"ಜಬೀವು, ಬಲತೋಳು ಎಲ್ಲಿ?"

"ಯಾಕ್ರೀ ಮೇಷ್ಟ್ರೇ?"

"ಅಯ್ಯೋ ಮಾರಾಯ, ಇದೊಂದು ಸ್ಪರ್ಧೆ! ಕೊಡು ಬಲತೋಳು!"

ಬಲತೋಳು, ಎಡತೋಳು, ಬೆನ್ನು ಮೂರನ್ನೂ ಕಟಿಂಗ್ ಮೇಜಿನ ಮೇಲೆ ಜೋಡಿಸಿದಾಗ ಸಂಗತಿ ಹೊರಬಿತ್ತು. ಹಂಗೇರಿಯಲ್ಲಿ ಬಾಲಟನ್ ಅಂತ ಒಂದು ಸರೋವರವಂತೆ. ಬೇಸಿಗೆಯ ಒಂದು ದಿನ ಹನ್ನೆರಡು ಜನರ ತಂಡ ಕಟ್ಟಿಕೊಂಡು ಅಲ್ಲಿಗೆ ಪ್ರವಾಸ ಹೋದರೆ ಬೆಳಗಿನಿಂದ ಸಂಜೆಯ ತನಕ ಏನೇನು ಮಾಡುತ್ತೀರಿ, ದೋಣಿಯಲ್ಲಿ ಯಾರು ಎಲ್ಲಿ ಕೂರುತ್ತೀರಿ, ಹೆಸರು ಸಮೇತ ಬರೆದು ಕಳಿಸಬೇಕು. ನಿಮ್ಮ ಭಾಷೆಯಲ್ಲೇ ಬರೆಯಬಹುದು. ಅತ್ಯುತ್ತಮ ಯೋಜನೆಗೆ ಮೂರು ಬ್ಯಾಂಡಿನ ಟ್ರಾನ್ಸಿಸ್ಟರ್ ರೇಡಿಯೋ ಬಹುಮಾನ. ಇವು ಮೊದಲ ಮೂರು ನಿಯಮ. ನಾಲ್ಕನೆಯ ನಿಯಮ ಇರಬೇಕಾದ ಕಡೆ ಲೋಕಮ್ಮನ ಕೊರಳಿತ್ತು. ಅಂದರೆ ಕೊರಳಿನ ಜಾಗಕ್ಕೆ ಕತ್ತರಿಸಿ ತೆಗೆದ ತೂತು. ತೂತಿನ ಕೆಳಗೆ, ಬೆನ್ನಿನ ನಡುವೆ, ಕೊನೆಯ ದಿನಾಂಕ.

"ಇವತ್ತೇ ಕಣೋ," ಎಂದರು ಮೇಷ್ಟ್ರು. "ಇವತ್ತಿನ ಅಂಚೆ ಮುದ್ರೆ ಬಿದ್ದಿರಬೇಕು."

"ಕೊರಳಿನ ತುಂಡು ಎಲ್ಲಿ?" ಎಂದು ಜಬೀವುಲ್ಲಾ ಮೇಜಿನಡಿ ತಡಕಾಡಿದ. ಅವನ ಹೆಂಡತಿ ಸಾಲೇಹಾ ಹಿತ್ತಿಲ ಬಾಗಿಲಿನಿಂದಲೇ ಹೇಳಿದಳು, "ಅಜೀ, ಹೊರಗೆ ಗುಡಿಸಿದ್ದೆ. ಲೋಕಮ್ಮನ ಆಡು ಬಾಯಿ ಆಡಿಸ್ತಾ ನಿಂತೈತೆ, ಅದನ್ನೇ ಕೇಳಿ."

ಆಡು ಜಬೀವುಲ್ಲಾನನ್ನು ನೋಡಿತು. ನುಂಗಿತು.

"ಹೋಗ್ಲಿ ಬಿಡು," ಎಂದರು ಮೇಷ್ಟ್ರು. "ನಾಲ್ಕನೇ ನಿಯಮದಲ್ಲಿ ಏನಿರ್ತದೆ? ಅಕ್ಷರ ದುಂಡಗಿರಲಿ ಅಂತ ಇರ್ತದೆ."

ಜಬೀವುಲ್ಲಾನ ಎದೆ ಹೊಲಿಗೆ ಮಿಷನ್ನಿನಂತೆ ಓಡತೊಡಗಿತು. ರೇಡಿಯೋ! ಆ ಬೀದಿಗೆಲ್ಲ ಇದ್ದದ್ದು ಒಂದೇ ರೇಡಿಯೋ, ಅದೂ ರೈಸ್ ಮಿಲ್ಲಿನ ಮಾಲೀಕ ಮಹೇಶ್ವರಪ್ಪನವರ ಜಗಲಿಯಲ್ಲಿ. ಅದು ಹಾಡು ಹಾಡುತ್ತಿತ್ತು, ಹವಾಮಾನ ಹೇಳುತ್ತಿತ್ತು, ಅಡಿಕೆ ಧಾರಣೆಯನ್ನೂ ಹೇಳುತ್ತಿತ್ತು. ಆದರೆ ಉಳುವವನಿಗೇ ಭೂಮಿ ಎಂಬ ಕಾನೂನು ಬಂದಂದಿನಿಂದ ಆ ರೇಡಿಯೋಗೊಂದು ಕಾಯಿಲೆ ಹತ್ತಿಕೊಂಡಿತ್ತು. "ಗೇಣಿದಾರರು ಅರ್ಜಿ ಸಲ್ಲಿಸಲು..." ಎಂಬಷ್ಟು ಕೇಳುತ್ತಿದ್ದಂತೆ ಮಹೇಶ್ವರಪ್ಪನವರ ಕೈ ತಿರುಪಿನ ಮೇಲೆ ಬೀಳುವುದು, ಕರಕರ ಅನ್ನುವುದು, ಅಲ್ಲಿಗೆ ಸುದ್ದಿ ಸತ್ತುಹೋಗುವುದು. ಯಾವಾಗ ಅರ್ಜಿ, ಎಲ್ಲಿ ಅರ್ಜಿ ಎಂಬುದು ಅವರ ಗದ್ದೆ ಮಾಡುವ ಇಪ್ಪತ್ತು ಮನೆಯವರಿಗೆ ಇಂದಿಗೂ ಪೂರ್ತಿ ಕೇಳಿಸಿರಲಿಲ್ಲ. ಆ ಇಪ್ಪತ್ತರಲ್ಲಿ ಲೋಕಮ್ಮನದೂ ಒಂದು ಮನೆ. ಅಂಗಡಿಯಲ್ಲೊಂದು ಸ್ವಂತ ರೇಡಿಯೋ ಇದ್ದಿದ್ದರೆ!

"ಬರೀರಿ ಮೇಷ್ಟ್ರೇ!" ಎಂದ ಜಬೀವುಲ್ಲಾ. ಲೋಕಮ್ಮನ ರವಿಕೆ ಅಲ್ಲಿಗೆ ನಿಂತಿತು.

ನಿಲ್ಲಬಾರದಿತ್ತು. ಯಾಕೆಂದರೆ ಹತ್ತು ಗಂಟೆಗೆ ಲೋಕಮ್ಮ ರವಿಕೆ ಕೇಳಲು ಬಂದಳು. ಮಿಲ್ಲಿನ ಕಣದಲ್ಲಿ ಭತ್ತ ಹರವುವ ಕೆಲಸ ಅವಳದು, ಗಂಟಲು ಮಿಲ್ಲಿನ ಸದ್ದಿಗಿಂತ ಮೇಲೆ. "ಏನ್ ಸಾಬ್ರೇ, ನನ್ನ ತೋಳು ಹರಡ್ಕಂಡು ಏನ್ ಓದ್ತೀರಿ?" ಎಂದು ಕೇಳಿದ್ದು ಪಕ್ಕದ ಹೋಟೆಲಿನ ಶೇಷಮ್ಮನವರಿಗೆ ಕೇಳಿಸಿತು. ಶೇಷಮ್ಮನವರಿಗೆ ಕೇಳಿಸಿದ ಮೇಲೆ ಊರಿಗೆ ರೇಡಿಯೋ ಯಾಕೆ?

ಹನ್ನೊಂದಕ್ಕೆ ಅಂಗಡಿಯ ಮುಂದೆ ಮೂವತ್ತು ಜನ. ಮೇಷ್ಟ್ರು ಪತ್ರಿಕೆಯ ಉಳಿದ ಪುಟಗಳನ್ನು ನೋಡಿ ಗಟ್ಟಿಯಾಗಿ ವಿವರಿಸುತ್ತಿದ್ದರು. ಸರೋವರ ನಲವತ್ತೆಂಟು ಮೈಲಿ ಉದ್ದ. ರಾಜಧಾನಿಯಿಂದ ರೈಲಿನಲ್ಲಿ ಎರಡು ಗಂಟೆ. ದಡದಲ್ಲಿ ಕರಿದ ರೊಟ್ಟಿ ಮಾರುತ್ತಾರೆ.

"ತೋರಿಸ್ರಿ ಚಿತ್ರ," ಎಂದು ಶೇಷಮ್ಮ ಕೈಯೊರಸಿಕೊಂಡು ಬಂದರು. ನೋಡಿದರು. "ಇದು ನಮ್ಮ ಪೂರಿ ಅಲ್ವೇನ್ರೀ! ತಟ್ಟೆಯಷ್ಟಗಲ ಮಾಡಿ ಕೆಡಿಸಿದಾರೆ. ಮೇಲೆ ಇದೇನು ಬಿಳೀದು?"

"ಬೆಳ್ಳುಳ್ಳಿ, ಗಿಣ್ಣು."

"ಪೂರಿಗೆ ಬೆಳ್ಳುಳ್ಳಿಯಾ! ನಾನು ಬರ್ಲೇಬೇಕು. ಹೆಸರು ಬರ್ಕೊಳ್ಳಿ. ದೋಣಿ ಹಿಂದುಗಡೆ ನನ್ನ ಒಲೆ ಬೇರೆ ಇರ್ಲಿ. ಮೊಟ್ಟೆ ತಿನ್ನೋರು ಗಾಳಿ ಬೀಸೋ ಕಡೆಗೆ ಕೂರ್ಬಾರ್ದು."

"ದೋಣೀಲಿ ಒಲೆ ಹಚ್ತಾರೇನ್ರೀ ಶೇಷಮ್ಮೋರೇ?" ಎಂದು ಜಬೀವುಲ್ಲಾ ಗೋಗರೆದ.

"ನೀರಿನ ಮೇಲೇ ಇರ್ತೀವಲ್ಲ, ಬೆಂಕಿ ಬಿದ್ರೆ ಆರ್ಸೋಕೆ ಎಷ್ಟೊತ್ತು?"

ಲೋಕಮ್ಮ ಅಷ್ಟೊತ್ತಿನಿಂದ ಚಿತ್ರವನ್ನೇ ನೋಡುತ್ತಿದ್ದಳು. ನೀರಿನಲ್ಲಿ ಸೊಂಟದ ಮಟ್ಟ ನಿಂತ ಗಂಡಸರು, ಹೆಂಗಸರು, ಮುದುಕರು. "ಮೇಷ್ಟ್ರೇ, ಈ ಕೆರೆಗೆ ಇಳಿಯೋರು ಯಾರು ಯಾರು?"

"ಯಾರು ಬೇಕಾದ್ರೂ ಇಳೀಬಹುದಮ್ಮ."

"ಯಾರು ಬೇಕಾದ್ರೂ ಅಂದ್ರೆ? ನಾನು?"

"ನೀನೂ."

"ಮ್ಯಾಗಿನ ಮೆಟ್ಲಿಂದ್ಲಾ, ನಮ್ ಕಡಿ ಬ್ಯಾರೆ ಮೆಟ್ಲು ಐತಾ?"

ಮೂವತ್ತು ಜನ ಒಮ್ಮೆಗೇ ಕೆಮ್ಮಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಮೆಟ್ಟಿಲೇ ಇಲ್ಲಮ್ಮ. ದಡದಿಂದ ಹಂಗೇ ನಡೆದು ಇಳೀಬಹುದು. ಅರ್ಧ ಮೈಲಿ ಹೋದ್ರೂ ನೀರು ಎದೆ ದಾಟಲ್ಲ ಅಂತ ಬರ್ದಿದೆ."

"ಹಂಗಾರೆ ನನ್ ಹೆಸ್ರು ಬರ್ಕಳಿ. ನಂಗೆ ದೋಣಿ ಬ್ಯಾಡ. ನೀವೆಲ್ಲಾ ದೋಣ್ಯಾಗೆ ಕುಂತ್ಕಳಿ, ನಾನು ಪಕ್ಕದಾಗೆ ನೀರಾಗೇ ನಡ್ಕಂಡು ಬರ್ತೀನಿ. ಇದನ್ನ ಹಿಂಗೇ ಬರೀರಿ, ಒಂದಕ್ಸರ ಬಿಡಬ್ಯಾಡಿ."

ಮೇಷ್ಟ್ರು ಹಾಗೆಯೇ ಬರೆದರು.

ಒಂದು ಗಂಟೆಗೆ ಮಹೇಶ್ವರಪ್ಪನವರು ಬಂದರು. ಅವರು ಬರುವುದಕ್ಕೆ ಅರ್ಧ ನಿಮಿಷ ಮೊದಲೇ ಅವರ ಹೊಟ್ಟೆ ಬರುತ್ತಿತ್ತು, ಆಮೇಲೆ ಕೊಡೆ, ಕೊನೆಗೆ ಅವರು. ಜಬೀವುಲ್ಲಾನ ಅಂಗಡಿಯ ಕಟ್ಟಡವೂ ಅವರದೇ.

"ಏನಯ್ಯಾ ಜಬೀವು, ಕಣದಾಗೆ ಭತ್ತ ಹಂಗೇ ಬಿದ್ದೈತೆ, ಕೂಲಿಯೋರೆಲ್ಲ ಇಲ್ಲೇ ಅವ್ರೆ. ಯಾವ ಚಳವಳಿ?"

"ಚಳವಳಿ ಅಲ್ಲ ಸಾವ್ಕಾರ್ರೇ, ಪ್ರವಾಸ," ಎಂದು ಶೇಷಮ್ಮ ಪೂರ್ತಿ ವರದಿ ಒಪ್ಪಿಸಿದರು. ರೇಡಿಯೋದ ಮಾತು ಬರುವಾಗ ಜಬೀವುಲ್ಲಾ ಕಣ್ಸನ್ನೆ ಮಾಡಿ ಮಾಡಿ ಅವನ ರೆಪ್ಪೆಗೆ ನೋವು ಬಂದಿತು. ಆದರೆ ಮಹೇಶ್ವರಪ್ಪನವರಿಗೆ ರೇಡಿಯೋ ಕಿವಿಗೇ ಬೀಳಲಿಲ್ಲ. ಅವರ ಕಿವಿಗೆ ಬಿದ್ದದ್ದು ಒಂದೇ.

"ದೋಣಿ ಮುಂದಿನ ಸೀಟು ಯಾರ್ದು?"

"ಇನ್ನೂ ಯಾರದೂ ಅಲ್ಲ..."

"ನಂದು. ಕೊಡೆಗೊಂದು ಸೀಟು, ಎಲಡಿಕೆ ತಟ್ಟೆಗೊಂದು. ಮತ್ತೆ ಅಲ್ಲಿ ನೋಡೋದು ಏನೈತೆ?"

ಮೇಷ್ಟ್ರು ಹೇಳಿದರು, "ತಿಹಾನಿ ಅಂತ ಒಂದು ಗುಡ್ಡ ಇದೆ. ಅಲ್ಲಿ ನಿಂತು ಕೂಗಿದ್ರೆ ಕೂಗಿದ್ದು ಹಂಗೇ ತಿರುಗಿ ಬರ್ತದಂತೆ."

"ಹೋಗಿ ಬರ್ರಿ ಸಾವ್ಕಾರ್ರೇ," ಎಂದಳು ಲೋಕಮ್ಮ. "ಇಲ್ಲಂತೂ ನಿಮ್ಗೆ ತಿರುಗಿ ಮಾತಾಡೋರು ಒಬ್ರೂ ಸಿಕ್ಕಿಲ್ಲ. ಗುಡ್ಡನಾರೂ ಮಾತಾಡ್ಲಿ."

ಮಹೇಶ್ವರಪ್ಪನವರ ಮುಖ ಹಣ್ಣುಮೆಣಸಿನಕಾಯಿಯಾಯಿತು. "ಇವ್ಳೂ ಬರ್ತಾಳಾ? ಹಂಗಾದ್ರೆ ದೋಣಿ ಎರಡು ಇರ್ಲಿ. ಇವ್ಳ ದೋಣಿ ಹಿಂದುಗಡೆ, ಹಗ್ಗ ಉದ್ದ ಇರ್ಲಿ."

"ನಂಗೆ ದೋಣೀನೇ ಬ್ಯಾಡ ಅಂತ ಬರ್ಸೀನಿ," ಎಂದಳು ಲೋಕಮ್ಮ.

"ನೀರಿಗೆ ಇಳೀತಾಳಂತೆ! ನಾನು ಕೂತ ದೋಣಿ ತೇಲೋ ನೀರಿಗೆ!"

ಈಗ ಬೀದಿ ಎರಡು ಪಂಗಡವಾಯಿತು. ಯಾರೂ ಕಾಣದ ಊರಿನ, ಯಾರೂ ಹತ್ತದ ದೋಣಿಯ, ಯಾರೂ ಮುಟ್ಟದ ನೀರಿಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಕೈ ಕೈ ಮಿಲಾಯಿಸುವ ಹಂತ. ಜಬೀವುಲ್ಲಾ ಗಡಿಯಾರ ನೋಡಿದ. ಎರಡೂವರೆ. ನಾಲ್ಕಕ್ಕೆ ಸೊರಬದಿಂದ ಬರುವ ಬಸ್ಸಿಗೆ ಅಂಚೆ ಚೀಲ ಹೋಗುತ್ತದೆ. ಏನಾದರೂ ಮಾಡಬೇಕಿತ್ತು. ಟೈಲರ್ ಏನು ಮಾಡುತ್ತಾನೆ? ಅಳತೆ ತೆಗೆಯುತ್ತಾನೆ.

"ಎಲ್ರೂ ಸುಮ್ನಿರ್ರೀ! ದೋಣಿ ಎಷ್ಟು ಹಿಡಿಯುತ್ತೋ ಅಳತೆ ಮಾಡೇ ಬಿಡೋಣ!"

ಶೇಷಮ್ಮನ ಹೋಟೆಲಿನ ಬೆಂಚುಗಳು ಹೊರಬಂದವು. ಚಿತ್ರದಲ್ಲಿದ್ದ ದೋಣಿಯ ಆಕಾರಕ್ಕೆ, ಮೂತಿ ಚೂಪಾಗಿ, ಅವನ್ನು ನಡುರಸ್ತೆಯಲ್ಲಿ ಜೋಡಿಸಿದರು. ಸಾಲೇಹಾಳ ಹಳೆಯ ಸೀರೆ ಬಿದಿರಿಗೆ ಕಟ್ಟಿ ಹಾಯಿಯಾಯಿತು. ಜಬೀವುಲ್ಲಾ ಕೊರಳಿನ ಟೇಪು ಎಳೆದು ಒಬ್ಬೊಬ್ಬರ ಸೊಂಟ ಅಳೆದು ಕೂರಿಸತೊಡಗಿದ. ಮೇಷ್ಟ್ರು ಇಪ್ಪತ್ತಾರು ಇಂಚಿನಲ್ಲಿ ಮುಗಿದರು. ಶೇಷಮ್ಮ ಒಲೆ ಸಮೇತ ಎರಡು ಮೊಳ. ಮಹೇಶ್ವರಪ್ಪನವರ ಸುತ್ತ ಟೇಪು ಹೊರಟಿದ್ದು, ಬೆನ್ನಿನ ಕಡೆ ಹೋಗಿ, ವಾಪಸು ಬರಲೇ ಇಲ್ಲ. ಸಾಲೇಹಾ ಆ ಕಡೆಯಿಂದ ಇನ್ನೊಂದು ಟೇಪು ಕೊಡಬೇಕಾಯಿತು.

"ಸಾವ್ಕಾರ್ರು ಎರಡು ಆಳು," ಎಂದು ಜಬೀವುಲ್ಲಾ ಕೂಗಿದ.

"ಕೂಲಿ ಕೊಡುವಾಗ ಮಾತ್ರ ಅರ್ಧ ಆಳು," ಎಂದಿತು ಗುಂಪಿನಲ್ಲೊಂದು ದನಿ. ದೋಣಿಗೆ ದೋಣಿಯೇ ನಗೆಯಲ್ಲಿ ಅಲುಗಾಡಿತು.

ಅಷ್ಟರಲ್ಲಿ ಭೋಂಕ್ ಎಂದು ಸೊರಬದ ಬಸ್ಸು ಬಂದು ದೋಣಿಯ ಮೂತಿಗೆ ಮೂತಿ ತಾಗಿಸಿ ನಿಂತಿತು. ಕಂಡಕ್ಟರ್ ಇಳಿದು ನೋಡಿದ. ಬಿಸಿಲಿನ ನಡುರಸ್ತೆಯಲ್ಲಿ ಹತ್ತು ಜನ ಸಾಲಾಗಿ ಕೂತಿದ್ದಾರೆ, ಮೇಲೆ ಸೀರೆ ಹಾರುತ್ತಿದೆ, ಪಕ್ಕದಲ್ಲಿ ಲೋಕಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಒಣನೆಲದಲ್ಲಿ ನೀರು ಸೀಳುವ ಹಾಗೆ ಹೆಜ್ಜೆ ಹಾಕುತ್ತಿದ್ದಾಳೆ.

"ಎಲ್ಲಿಗ್ರೀ ಇದು?"

"ಹಂಗೇರಿಗೆ."

"ಶಿಕಾರಿಪುರದ ಮೇಲೆ ಹೋಗುತ್ತಾ?"

ವಿಷಯ ತಿಳಿದದ್ದೇ ಬಸ್ಸಿನವರೂ ಇಳಿದರು. ಛತ್ರಿ ಹಿಡಿದ ಒಬ್ಬ ಯಜಮಾನರು ಮುಂದೆ ಬಂದು, "ಎಲ್ಲಾ ಶಿರಾಳಕೊಪ್ಪದವರೇ ಕೂತರೆ ಹೆಂಗೆ ಮಾರಾಯ್ರೆ? ನಮ್ಮ ಸೊರಬದವರು ಒಬ್ಬರಾದ್ರೂ ಬೇಡ್ವಾ?" ಎಂದು ಮೇಷ್ಟ್ರ ಪಕ್ಕದಲ್ಲಿ ಒತ್ತಿಕೊಂಡು ಕೂತೇಬಿಟ್ಟರು. ಅಂಚೆಯ ರಾಜಪ್ಪ ಚೀಲ, ಮುದ್ರೆ, ಶಾಯಿ ಪೆಟ್ಟಿಗೆ ಎಲ್ಲವನ್ನೂ ಹೊತ್ತು ಓಡಿ ಬಂದ. ಜಬೀವುಲ್ಲಾನಿಗೆ ಜೀವ ಬಂದಿತು. ಟಪಾಲಿನ ಬಸ್ಸು ತಾನೇ ಕಟ್ಟಿದ ದೋಣಿಗೆ ಸಿಕ್ಕಿ ನಿಂತಿದೆ, ಇನ್ನು ತಡವಾಗುವ ಮಾತೇ ಇಲ್ಲ.

"ಲಕೋಟೆ ಕೊಡು, ಹೊಡೀತೀನಿ ಮುದ್ರೆ," ಎಂದ ರಾಜಪ್ಪ. "ನಂಗೂ ಒಂದು ಮೂಲೇಲಿ ಜಾಗ ಇರ್ಲಿ. ಈಜು ಬರಲ್ಲ, ನಡುವೆ ಕೂರ್ಸು."

"ಮೊದ್ಲು ದೋಣಿ ತೆಗೀರಿ!" ಎಂದು ಡ್ರೈವರ್ ಕಿರುಚಿದ.

ಎಲ್ಲರೂ ಎದ್ದರು. ಮಹೇಶ್ವರಪ್ಪನವರು ಏಳಲಿಲ್ಲ. "ನನ್ನ ಹೆಸರು ಎಲ್ಲೈತೆ ಓದ್ರಿ ಮೇಷ್ಟ್ರೇ."

"ಒಂಬತ್ತನೇದು. ಬಂದವರ ಕ್ರಮದಲ್ಲಿ ಬರ್ದಿದೀನಿ. ಮೊದಲು ಜಬೀವುಲ್ಲಾಂದು."

"ಒಂಬತ್ತನೇದಾ? ಈ ಊರಾಗೆ ಮದ್ವೆ ಕಾಗದ, ಜಾತ್ರೆ ಕಾಗದ, ಮನವಿ ಪತ್ರ, ಯಾವುದರಾಗಾದ್ರೂ ನನ್ನ ಹೆಸರು ಕೆಳಗೆ ಬಂದಿದ್ದುಂಟಾ? ಮೊದ್ಲು ನಂದು. ದಪ್ಪಕ್ಷರದಾಗೆ. ಇಲ್ದಿದ್ರೆ ನಾನು ದೋಣಿ ಇಳಿಯಲ್ಲ. ನಾಳೆ ನೀನು ಅಂಗಡಿ ಇಳೀ."

ಬಸ್ಸು ಭೋಂಕರಿಸಿತು. ಜಬೀವುಲ್ಲಾ ಮೇಷ್ಟ್ರ ಮುಖ ನೋಡಿದ, ಮೇಷ್ಟ್ರು ಅವನ ಮುಖ ನೋಡಿದರು. ಹೆಸರು ತಾನೇ, ಎಲ್ಲಿದ್ದರೇನು? ರೇಡಿಯೋ ಬಂದರೆ ಸಾಕು. ಹಾಳೆಯ ನೆತ್ತಿಯ ಮೇಲೆ 'ಶ್ರೀಮಾನ್ ಮಹೇಶ್ವರಪ್ಪನವರು, ರೈಸ್ ಮಿಲ್ ಮಾಲೀಕರು, ಶಿರಾಳಕೊಪ್ಪ' ಎಂದು ಬಿತ್ತು, ಮದುವೆ ಕಾಗದದ ಗಣಪತಿಯ ಹಾಗೆ. ಜಬೀವುಲ್ಲಾ ತನ್ನ ಹೆಸರನ್ನು ಕೊನೆಗೆ ತಳ್ಳಿ 'ಹಾಯಿ ಹೊಲಿಯುವವನು' ಎಂದು ಸೇರಿಸಿದ. ಲಕೋಟೆಯನ್ನು ಬಸ್ಸಿನ ಬಾನೆಟ್ಟಿನ ಮೇಲಿಟ್ಟು ರಾಜಪ್ಪ ಧಡ್ ಎಂದು ಮುದ್ರೆ ಒತ್ತಿದ. ದೋಣಿ ಬದಿಗೆ ಸರಿಯಿತು, ಬಸ್ಸು ಹೊರಟಿತು. ಸೊರಬದ ಯಜಮಾನರು ಬಸ್ಸು ಮರೆತು ಮತ್ತೆ ದೋಣಿಯಲ್ಲೇ ಕೂತಿದ್ದರು.

ಮೂರು ತಿಂಗಳು ಜಬೀವುಲ್ಲಾ ರಾಜಪ್ಪನ ಸೈಕಲ್ ಗಂಟೆಗೆ ಕಿವಿಗೊಟ್ಟು ಕೂತ. ಗೋಡೆಯಲ್ಲಿ ಹಲಗೆ ಹೊಡೆದು ಜಾಗ ಮಾಡಿದ. ಸಾಲೇಹಾ ಆ ಹಲಗೆಯನ್ನು ದಿನಾ ಒರೆಸಿದಳು.

ಜುಲೈ ತಿಂಗಳ ಒಂದು ಮಧ್ಯಾಹ್ನ ರೇಡಿಯೋ ಅಂಗಡಿಯ ಮೆಟ್ಟಿಲು ಹತ್ತಿ ಬಂತು. ಹೊಚ್ಚಹೊಸದು, ಮೂರು ಬ್ಯಾಂಡಿನದು. ಬಂದದ್ದು ಮಹೇಶ್ವರಪ್ಪನವರ ಕಂಕುಳಲ್ಲಿ.

"ಜಬೀವು, ದೆಹಲಿಯಿಂದ ನನ್ನ ಹೆಸರಿಗೆ ಬಂದೈತೆ ನೋಡು. ನನ್ನ ಜಗಲಿಗೊಂದು ಐತೆ, ಇದು ಮಲಗೋ ಕೋಣೆಗೆ. ಧೂಳು ಕೂರದಂಗೆ ಇದಕ್ಕೊಂದು ಅಂಗಿ ಹೊಲಿದು ಕೊಡು. ಅಳತೆ ಕತ್ತರಿಸಾಕೆ ಈ ಕಾಗದ ತಗಾ, ದಪ್ಪ ಐತೆ. ಇಂಗ್ಲಿಷು, ನಂಗ್ಯಾಕೆ?"

ಅವರು ಹೋದ ಮೇಲೆ ಆನಂದಪ್ಪ ಮೇಷ್ಟ್ರು ಕಾಗದ ಓದಿದರು. ತೀರ್ಪುಗಾರರೆಲ್ಲರಿಗೂ ಮೆಚ್ಚಿಗೆಯಾದದ್ದು, ದೋಣಿ ಬೇಡವೆಂದು ನೀರಿನಲ್ಲಿ ನಡೆದು ಬರುವ ಮಹಿಳೆಯಂತೆ. ಅಂಥ ಸ್ವಾತಂತ್ರ್ಯವುಳ್ಳ ತಂಡ ಕಟ್ಟಿದ ನಾಯಕರಿಗೆ ವಂದನೆಯಂತೆ. 'ನಾಲ್ಕನೆಯ ನಿಯಮದ ಪ್ರಕಾರ, ಪಟ್ಟಿಯ ಮೊದಲ ಹೆಸರಿನವರೇ ತಂಡದ ನಾಯಕರು. ಬಹುಮಾನ ಅವರಿಗೇ ಸಲ್ಲುತ್ತದೆ.'

ಲೋಕಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. "ಅಲ್ಲ ಸಾಬ್ರೇ, ನೀರಾಗೆ ನಡೆದೋಳು ನಾನು, ಬರ್ದೋರು ಮೇಷ್ಟ್ರು, ಬೆವರು ಸುರಿಸಿದೋರು ನೀವು. ಹಾಡು ಕೇಳಾದು ಅವ್ರ ಹಾಸಿಗೆ!"

ಜಬೀವುಲ್ಲಾ ರೇಡಿಯೋವನ್ನು ಮೇಜಿನ ಮೇಲಿಟ್ಟ. ಟೇಪು ತೆಗೆದು ರೇಡಿಯೋದ ಉದ್ದ, ಅಗಲ, ದಪ್ಪ ಅಳೆದ. ತಾನು ಹಲಗೆ ಹೊಡೆದದ್ದು ಸರಿಯಾಗಿ ಇದೇ ಅಳತೆಗಿತ್ತು. ಕಾಗದ ಮಡಚಿ ಕತ್ತರಿ ಹಾಕಿದ. ತಿರುಪಿನ ಜಾಗಕ್ಕೆ ದುಂಡಗೆ ಒಂದು ತೂತು ಕತ್ತರಿಸಿದ. ತುಂಡು ಗಾಳಿಗೆ ಹಾರಿ ಮೆಟ್ಟಿಲಿನಾಚೆ ಬಿತ್ತು.

ಆಡು ಕಾಯುತ್ತಲೇ ಇತ್ತು.

"ಈ ಸಲ ಬಿಡಲ್ಲ ಕಣೇ!" ಎಂದು ಜಬೀವುಲ್ಲಾ ಮೇಜು ಹಾರಿ, ಬೀದಿಗೆ ಬಿದ್ದು, ಆಡಿನ ದವಡೆಗೆ ಕೈಹಾಕಿ, ಅರ್ಧ ಅಗಿದ ತುಂಡನ್ನು ಎಳೆದುಕೊಂಡು ಬಂದು ಮೇಷ್ಟ್ರ ಕೈಗಿತ್ತ. ಅವನ ಮೊಣಕೈ ತರಚಿತ್ತು.

"ಏನಿದೆ ಅದ್ರಲ್ಲಿ, ಓದ್ರಿ ಮೇಷ್ಟ್ರೇ!"

ಮೇಷ್ಟ್ರು ಜೊಲ್ಲು ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಒಂದೇ ಒಂದು ಪದ ಉಳಿದಿತ್ತು.

"ಅಭಿನಂದನೆಗಳು," ಎಂದು ಓದಿದರು.