ಕಾಂಚನಾಳ ಕಾಗದದ ಕೋಲಿ

ಕಾಂಚನಾಳಿಗೆ ಬೇಕಾಗಿದ್ದುದು ಎರಡೇ ಎರಡು ಹಳೆಯ ಮದುವೆ ಕಾರ್ಡು. ಡಬ್ಬಿಗಳ ಮೇಲೆ ಹೆಸರು ಬರೆದು ಅಂಟಿಸಲು ದಪ್ಪ ಕಾಗದ ಕಡಿಮೆ ಬಿದ್ದಿತ್ತು, ಅಷ್ಟೇ. ಆದರೆ ಅವನ್ನು ಅವಳು ಪಕ್ಕದ ಮನೆಯ ಶೇಖವ್ವನ ಹತ್ತಿರ ಕೇಳಿದ್ದು ನಳ ಬಿಟ್ಟ ಹೊತ್ತಿನಲ್ಲಿ. ಬೆಟಗೇರಿಯ ಆ ಓಣಿಗೆ ನೀರು ಬರುವುದು ಎಂಟು ಹತ್ತು ದಿನಕ್ಕೊಮ್ಮೆ. ಬಂದ ದಿನ ಓಣಿಯ ಅಷ್ಟೂ ಹೆಂಗಸರು ಕೊಡ ಹಿಡಿದು ಹೊರಗಿರುತ್ತಾರೆ. ಅಲ್ಲಿ ಆಡಿದ ಮಾತು ನೀರಿಗಿಂತ ಮೊದಲು ಎಲ್ಲರ ಮನೆ ಸೇರುತ್ತದೆ.

ಡಬ್ಬಿಗಳಿದ್ದದ್ದು ಮನೆಯ ಹಿಂಭಾಗದ ಮಗ್ಗದ ಕೋಲಿಯಲ್ಲಿ. ಮಾವ ಬದುಕಿರುವತನಕ ಅಲ್ಲಿ ಸೀರೆ ನೇಯುವ ಮಗ್ಗ ಇತ್ತು. ಅವರು ಹೋದ ಮೇಲೆ ಮಗ್ಗ ಮಾರಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ ಮುಚ್ಚಿಸಿ, ಮೇಲೆ ಫರಸಿ ಕಲ್ಲು ಹಾಕಿಸಿದ್ದರು. ಖಾಲಿ ಬಿದ್ದ ಆ ಕೋಲಿಯನ್ನು ಕಾಂಚನಾ ಎರಡು ವರ್ಷದ ಹಿಂದೆ ಮೆಲ್ಲಗೆ ಹಿಡಿದುಕೊಂಡಳು. ಗದಗದ ಒಂದು ಪ್ರೆಸ್ಸಿನಲ್ಲಿ ಕಟಿಂಗ್ ಮಷೀನು ನಡೆಸುವ ನಜೀರಸಾಬ, ಕೊಯ್ದು ಉಳಿದ ಬಣ್ಣದ ಅಂಚುಗಳನ್ನು ಚೀಲ ತುಂಬಿ ಕೊಡುತ್ತಿದ್ದ. ಅವುಗಳಿಂದ ಇವಳು ಗುಲಾಬಿ ಮಾಡಿದಳು, ತೋರಣ ಮಾಡಿದಳು, ಸುರುಳಿ ಸುತ್ತಿ ಕಿವಿಯ ಝುಮಕಿ ಮಾಡಿದಳು. ಓಣಿಯವರು ನೋಡಿ ಹೊಗಳಿದರು, ಹೊಗಳುತ್ತಲೇ ಒಯ್ದರು. ಅದಕ್ಕೆ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ತಾನು ಇಟ್ಟ ವಸ್ತು ಇಟ್ಟಲ್ಲೇ ಸಿಗುವ ಜಾಗ ಆ ಕೋಲಿ ಒಂದೇ ಆಗಿತ್ತು. ಅಡುಗೆಮನೆಯಲ್ಲಿ ಅತ್ತೆಯ ಕಾರುಬಾರು, ಪಡಸಾಲೆಯಲ್ಲಿ ಗಂಡನ ಟೀವಿ, ಮಲಗುವ ಕೋಲಿಯ ಕಪಾಟಿನಲ್ಲಿ ಮನೆಮಂದಿಯ ಅಷ್ಟೂ ಗಂಟುಗಳು. ಈ ಕೋಲಿಯೊಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರೆ ಮಾತ್ರ ಅವಳಿಗೆ ತಾನೂ ಒಂದು ಜೀವ ಅನ್ನಿಸುತ್ತಿತ್ತು.

ಅದಕ್ಕೂ ಕಲ್ಲು ಬಿದ್ದದ್ದು ನಳ ಬರುವ ಹಿಂದಿನ ರಾತ್ರಿ, ಊಟದ ಹೊತ್ತಿಗೆ. ಗಂಡ ನಂದೀಶ ಗದಗದ ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹೊಂಬಳದ ಉಳವಪ್ಪ ಎಂಬ ಬೀಜ-ಔಷಧದ ವ್ಯಾಪಾರಿ ಮಾಲು ಇಡಲು ಬಾಡಿಗೆ ಕೋಲಿ ಹುಡುಕುತ್ತಿದ್ದಾನೆಂದೂ, ನಾಳೆ ಸಂಜೆ ಕರೆದುಕೊಂಡು ಬರುವುದಾಗಿಯೂ ಹೇಳಿದ.

"ನನ್ನ ಸಾಮಾನಾ?" ಎಂದಳು ಕಾಂಚನಾ.

"ಕಸಾ ಇಟ್ಟಕೊಳ್ಳಾಕ ಒಂದು ಕೋಲಿ ಬೇಕೇನು?" ಎಂದ ನಂದೀಶ, ತಟ್ಟೆಯಿಂದ ತಲೆ ಎತ್ತದೆ.

ಕಾಂಚನಾ ಕೈಯ ತುತ್ತು ತಟ್ಟೆಗೆ ಇಳಿಸಿ, "ನಾಳಿ ಸಂಜಿಮಟ ತಡೀರಿ. ಬಂದು ನೋಡ್ರಿ. ಆವಾಗೂ ಕಸಾ ಅನಿಸಿದ್ರ ಕೀಲಿ ನಾನಽ ಅವರ ಕೈಯಾಗ ಕೊಡ್ತೀನಿ" ಎಂದಳು. ನಂದೀಶ ಆಗಲೇ ಗೆದ್ದವನಂತೆ ಒಪ್ಪಿದ. ಅತ್ತೆ ಸುಮಿತ್ರವ್ವ ರೊಟ್ಟಿ ಮುರಿಯುತ್ತ ಕುಳಿತಿದ್ದರು, ಏನೂ ಅನ್ನಲಿಲ್ಲ. ಅವರು ಏನೂ ಅನ್ನಲಿಲ್ಲವೆಂದರೆ ಒಪ್ಪಿಗೆ ಇದೆ ಎಂದು ಮನೆಯಲ್ಲಿ ಎಲ್ಲರೂ ತಿಳಿದುಕೊಂಡು ವರ್ಷಗಳೇ ಆಗಿದ್ದವು.

ಹೀಗಾಗಿ ಮರುದಿನ ನೀರು ತುಂಬುವುದು ಮುಗಿದದ್ದೇ ತಡ, ಕಾಂಚನಾ ಸೆರಗು ಸಿಕ್ಕಿಸಿಕೊಂಡು ನಿಂತಳು. ಮೊಬೈಲಿನಲ್ಲಿ ಯಾವಳೋ ಒಬ್ಬಳು ಬಿಳಿಯ ಗೋಡೆಗೆ ಬಿಳಿಯ ಕಪಾಟು ಹೊಡೆಸಿ ಕಾಗದಗಳನ್ನು ಬಣ್ಣದ ಪ್ರಕಾರ ಜೋಡಿಸಿದ್ದನ್ನು ಅವಳು ಹತ್ತು ಸಲ ನೋಡಿದ್ದಳು. ಇವಳ ಹತ್ತಿರ ಇದ್ದದ್ದು ಸುಣ್ಣ ಉದುರುವ ಗೋಡೆ, ಎರಡು ಕಬ್ಬಿಣದ ರ‍್ಯಾಕು, ಸೀರೆ ಅಂಗಡಿಯ ಖಾಲಿ ಡಬ್ಬಿಗಳು. ಅಡುಗೆಮನೆಯಲ್ಲಿ ಊಟದ ತಾಟು ನಿಲ್ಲಿಸುವ ಸ್ಟ್ಯಾಂಡು ಕಿತ್ತು ತಂದು ಅದರಲ್ಲಿ ದೊಡ್ಡ ಹಾಳೆಗಳನ್ನು ನಿಲ್ಲಿಸಿದಳು. ಮನೆಯ ತಾಟುಗಳು ನೆಲಕ್ಕೆ ಬಂದವು, ಬರಲಿ. ಕೆಂಪು ಅಂಚು ಒಂದು ಡಬ್ಬಿಗೆ, ಹಸಿರು ಇನ್ನೊಂದಕ್ಕೆ. ಸುರುಳಿಗಳು ಮಿಠಾಯಿ ಡಬ್ಬಿಗೆ, ಮಣಿಗಳು ಗುಳಿಗೆ ಶೀಶೆಗಳಿಗೆ. ಕತ್ತರಿಗಳನ್ನು ಗೋಡೆಯ ಮೊಳೆಗೆ ಸಾಲಾಗಿ ನೇತುಹಾಕಿದಳು. ಹತ್ತೂವರೆಯ ಹೊತ್ತಿಗೆ ಬಾಗಿಲಲ್ಲಿ ನಿಂತು ನೋಡಿದರೆ ಅವಳಿಗೇ ಅದು ತನ್ನ ಮನೆ ಎಂದು ನಂಬಿಕೆ ಬರಲಿಲ್ಲ. ಇನ್ನು ಹೆಸರಿನ ಚೀಟಿ ಅಂಟಿಸಿದರೆ ಮುಗಿಯಿತು.

ಆಗ ಶೇಖವ್ವ ಬಂದಳು. ಕೈಯಲ್ಲಿ ಎರಡು ಕಾರ್ಡು ಇರಲಿಲ್ಲ, ಬಾಯಿ ಕಟ್ಟಿದ ಒಂದು ಚೀಲ ಇತ್ತು.

"ನಮ್ಮ ಮನ್ಯಾಗಿನ್ವು ಎಲ್ಲಾ ತಂದೀನಿ ನೋಡವಾ. ಒಂದೂ ಉಳಿಸಿಲ್ಲ" ಎಂದು ಚೀಲವನ್ನು ಫರಸಿಯ ಮೇಲೆ ಬೋರಲು ಹಾಕಿದಳು.

ಇದರ ಹಿಂದೆ ಒಂದು ಸಂಗತಿ ಇದೆ. ಮದುವೆ ಕಾರ್ಡಿನ ಮೇಲೆ ಗಣಪತಿ ಇರುತ್ತಾನೆ, ಬಸವಣ್ಣ ಇರುತ್ತಾನೆ, ಮಠದ ಸ್ವಾಮಿ ಅಜ್ಜಾರ ಫೋಟೋ ಇರುತ್ತದೆ. ಅದನ್ನು ಕಸದ ಗಾಡಿಗೆ ಹಾಕುವಂತಿಲ್ಲ, ಒಲೆಗೆ ಇಡುವಂತಿಲ್ಲ, ಅಪ್ಪಿತಪ್ಪಿ ಕಾಲು ತಾಕಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಮೊದಲೆಲ್ಲ ಗುಡಿಯ ಮುಂದಿನ ಅರಳಿ ಗಿಡದ ಬುಡದಲ್ಲಿ ಇಟ್ಟು ಬರುತ್ತಿದ್ದರು. ಗುಡಿಯ ಕಮಿಟಿಯವರು ಬೇಸತ್ತು, ಹಳೆಯ ದೇವರನ್ನು ಇಲ್ಲಿ ತಂದಿಡಬಾರದು ಎಂದು ಬೋರ್ಡು ಹೊಡೆಸಿದರು. ಹೊಳೆಗೆ ಬಿಡೋಣವೆಂದರೆ ತುಂಗಭದ್ರೆ ಮುಂಡರಗಿಯ ಆಚೆ. ಮದುವೆ ಕಾರ್ಡಿಗೆಂದು ಟೆಂಪೋ ಮಾಡಿಕೊಂಡು ಹೋಗುವವರು ಯಾರು? ಹೀಗಾಗಿ ಓಣಿಯ ಪ್ರತಿ ಮನೆಯ ಅಟ್ಟದಲ್ಲೂ ಇಪ್ಪತ್ತು ವರ್ಷದ ಕಾರ್ಡುಗಳು ಕೂತಿದ್ದವು. ಅವನ್ನು ಬೇಕೆಂದು ಬಾಯಿಬಿಟ್ಟು ಕೇಳಿದ ಮೊದಲ ಹೆಂಗಸು ಕಾಂಚನಾ.

ಹನ್ನೊಂದೂವರೆಯ ಹೊತ್ತಿಗೆ ಏಳು ಮನೆಯ ಚೀಲಗಳು ಬಂದವು. ತಂದವರು ಕೊಟ್ಟು ಹೋಗಲಿಲ್ಲ, ಕುಳಿತರು. ಕುಳಿತವರು ಸುಮ್ಮನಿರದೆ ಒಬ್ಬರ ಚೀಲ ಇನ್ನೊಬ್ಬರು ಕೆದಕಿದರು. ಎದುರು ಮನೆಯ ಫಕ್ಕೀರವ್ವನ ಮಗನ ಮದುವೆ ಕಾರ್ಡು ಶೇಖವ್ವನ ಕೈಗೆ ಸಿಕ್ಕಿತು. ಸ್ವಾಗತ ಬಯಸುವವರ ಸಾಲಿನಲ್ಲಿ ತನ್ನ ಗಂಡನ ಹೆಸರು ಕಟ್ಟಕಡೆಗೆ, ಪ್ರೆಸ್ಸಿನ ಫೋನ್ ನಂಬರಿನ ನೆತ್ತಿಯ ಮೇಲೆ ಬಿದ್ದದ್ದನ್ನು ಅವಳು ಹನ್ನೆರಡು ವರ್ಷದ ಮೇಲೆ ಕಂಡುಹಿಡಿದಳು. ಅದು ಪ್ರೆಸ್ಸಿನವರ ತಪ್ಪು ಎಂದು ಫಕ್ಕೀರವ್ವ ಅಂದಳು. ಹಾಗಾದರೆ ನಿಮ್ಮ ತವರಿನವರ ಹೆಸರು ಮಾತ್ರ ಹೇಗೆ ಮೇಲೆ ಬಂದವು ಎಂದು ಶೇಖವ್ವ ಕೇಳಿದಳು. ಮಾತಿಗೆ ಮಾತು ಬೆಳೆದು, ಇಬ್ಬರೂ ಎದ್ದು ನಿಂತು, ಒಬ್ಬಳ ಮೊಣಕೈ ತಾಗಿ ಮಿಠಾಯಿ ಡಬ್ಬಿಯೂ ಬಾಯಿ ತೆರೆದ ಮಣಿ ಶೀಶೆಗಳೂ ಮಗುಚಿದವು. ಎರಡು ತಾಸು ಕೂತು ಬೇರೆ ಮಾಡಿದ ಸುರುಳಿ, ಮಣಿ ಎಲ್ಲ ಒಂದಾಗಿ ಕಾರ್ಡಿನ ರಾಶಿಯಲ್ಲಿ ಬೆರೆತವು. ಕಾಂಚನಾ ನೆಲಕ್ಕೆ ಕೂತು ಮಣಿ ಆರಿಸತೊಡಗಿದಳು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಯಾರೂ ನೋಡಲಿಲ್ಲ, ಜಗಳ ಅಷ್ಟು ರುಚಿಯಾಗಿತ್ತು.

ಮಧ್ಯಾಹ್ನದ ಮೇಲೆ ಕಾರ್ಡು ನಿಂತು ದೇವರು ಬರತೊಡಗಿದವು. ಮೊದಲು ಬಂದವಳು ಓಣಿಯ ತುದಿಯ ಮನೆಯ ಮುದುಕಿ. ಸೆರಗಿನಲ್ಲಿ ಸುತ್ತಿಕೊಂಡು ತಂದದ್ದು ಗಾಜು ಒಡೆದ, ಗೆದ್ದಲು ಹಿಡಿದ ಒಂದು ಲಕ್ಷ್ಮೀ ಫೋಟೋ. ಇದರಲ್ಲಿ ತನಗೆ ಬೇಕಾದದ್ದು ಏನೂ ಇಲ್ಲ ಎಂದು ಕಾಂಚನಾ ಕೈ ಮುಗಿದು ಹೇಳಿದಳು.

"ಕಾರ್ಡು ತಗೊಂಡಿ. ಲಕ್ಷ್ಮೀನ ಒಲ್ಲೆ ಅಂತೀಯೇನು?" ಎಂದಳು ಮುದುಕಿ.

ಈ ಮಾತಿಗೆ ಉತ್ತರ ಕೊಡುವ ಗಟ್ಟಿಗಿತ್ತಿ ಬೆಟಗೇರಿಯಲ್ಲಿ ಇನ್ನೂ ಹುಟ್ಟಿಲ್ಲ. ಕಾಂಚನಾ ಫೋಟೋ ಇಸಿದುಕೊಂಡಳು. ದೇವರನ್ನು ನೆಲಕ್ಕೆ ಇಡುವಂತಿಲ್ಲವಲ್ಲ, ರ‍್ಯಾಕಿನಿಂದ ಕೆಂಪು ಅಂಚಿನ ಡಬ್ಬಿ ಕೆಳಗಿಳಿಸಿ ಲಕ್ಷ್ಮಿಯನ್ನು ಮೇಲಿಟ್ಟಳು. ಅವಳ ಹಿಂದೆ ವೀರಭದ್ರ ಬಂದ. ಹಸಿರು ಡಬ್ಬಿ ಇಳಿಯಿತು. ಎಲ್ಲಮ್ಮ ಬಂದಳು, ಮೂವರು ವೆಂಕಪ್ಪಂದಿರು ಬಂದರು, ಮೂಲೆ ಸುಟ್ಟ ಒಬ್ಬ ಈಶ್ವರ ಬಂದ. ದೇವರನ್ನು ಹೊತ್ತು ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸಬಾರದೆಂದು ಕುಂಕುಮ ಹಚ್ಚಬೇಕು, ಚಹಾ ಕೊಡಬೇಕು. ಕುಂಕುಮ ಹಚ್ಚಿ, ಚಹಾ ಕಾಸಿ, ಡಬ್ಬಿ ಇಳಿಸಿ ಅವಳಿಗೆ ಸಾಕೋ ಸಾಕಾಯಿತು. ನಾಲ್ಕು ಗಂಟೆಗೆ ರ‍್ಯಾಕಿನ ತುಂಬ ನಲವತ್ತಮೂರು ದೇವರು, ನೆಲದ ತುಂಬ ಡಬ್ಬಿ. ತಾಟಿನ ಸ್ಟ್ಯಾಂಡಿನಲ್ಲೂ ಸಣ್ಣ ಸೈಜಿನ ಸಾಲು ದೇವರು ಸರಿಯಾಗಿ ಹೊಂದಿಕೊಂಡು ಕೂತಿದ್ದವು.

ಆಗ ಸುಮಿತ್ರವ್ವ ಊದಿನಕಡ್ಡಿ ಹಿಡಿದು ಒಳಗೆ ಬಂದರು. ಕರೆಯದೆ ಬಂದ ದೇವರನ್ನು ಹಾಗೆಯೇ ಕೂಡಿಸಬಾರದು ಎಂದು ಹೇಳಿ ಒಂದು ದೀಪ ಹಚ್ಚಿಟ್ಟು ಹೋದರು. ಕಾಂಚನಾಳಿಗೆ ಬೇಡ ಅನ್ನಲೂ ತ್ರಾಣ ಇರಲಿಲ್ಲ. ಸಂಜೆ ತಾನೇ ಕೈಯಾರೆ ಕೊಡಬೇಕಾದ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಡಬ್ಬಿಗಳ ನಡುವೆ ಕುಸಿದು ಕೂತಳು.

ಐದೂವರೆಗೆ ನಂದೀಶ ಬಂದ. ಹಿಂದೆ ಉಳವಪ್ಪ, ದಪ್ಪ ಮೀಸೆಯ ಸಾದಾ ಮನುಷ್ಯ. ಬಾಗಿಲಿಗೆ ಬಂದ ನಂದೀಶ ನೆಲ ನೋಡಿದ, ಡಬ್ಬಿ ನೋಡಿದ, ಕಾರ್ಡಿನ ರಾಶಿ ನೋಡಿದ. ಹೆಂಡತಿಯ ಕಡೆ ನೋಡಿ ನಕ್ಕ. ಆ ನಗೆಗೆ ಕಾಂಚನಾ ಸೆರಗಿನ ಗಂಟು ಬಿಚ್ಚತೊಡಗಿದಳು.

ಉಳವಪ್ಪ ಮಾತ್ರ ಹೊಸ್ತಿಲ ಆಚೆಗೇ ಚಪ್ಪಲಿ ಬಿಟ್ಟ. ಟೋಪಿ ಸರಿ ಮಾಡಿಕೊಂಡು ಒಂದೊಂದು ದೇವರಿಗೂ ಕೈ ಮುಗಿಯುತ್ತ ಹೋದ. ನಲವತ್ತಮೂರು ಮುಗಿಯಲು ಹೊತ್ತು ಹಿಡಿಯಿತು.

"ನಂದೀಶಣ್ಣಾರ, ಇಲ್ಲಿ ಎಣ್ಣಿ ಡಬ್ಬಿ ಇಡಾಕ ಬರಂಗಿಲ್ಲ ಬಿಡ್ರಿ. ಬೆಳಿಗೆ ಹೊಡಿಯೂ ವಿಷಾ ಅದು. ಇಷ್ಟು ದೇವರ ಮುಂದ ಇಟ್ಟು ನಾ ಉದ್ಧಾರ ಆಗ್ತೀನೇನು?" ಎಂದ.

ದೇವರನ್ನು ನಾಳೆಯೇ ತೆಗೆಸುತ್ತೇನೆ ಎಂದು ನಂದೀಶ ಅಂದ. ಎಲ್ಲಿ ಇಡುತ್ತೀರಿ ಎಂದು ಉಳವಪ್ಪ ಕೇಳಿದ. ಅರಳಿ ಗಿಡದ ಬೋರ್ಡು ನಂದೀಶನಿಗೂ ಗೊತ್ತಿತ್ತು. ಉಳವಪ್ಪ ಹೋಗುವಾಗ, ತನ್ನ ಅಂಗಡಿಯಲ್ಲೂ ಒಂದು ಒಡೆದ ಫೋಟೋ ಇದೆ, ಮುಂದಿನ ವಾರ ಗದಗಕ್ಕೆ ಬಂದಾಗ ತಂದುಕೊಡಲೇ ಎಂದು ಕಾಂಚನಾಳನ್ನು ಭಕ್ತಿಯಿಂದ ಕೇಳಿದ. ತನ್ನಿ ಎಂದಳು ಕಾಂಚನಾ. ಅವಳಿಗೆ ಆ ಹೊತ್ತಿನಲ್ಲಿ ಇನ್ನೂ ನೂರು ದೇವರು ಬಂದರೂ ಬೇಡವಾಗಿರಲಿಲ್ಲ. ಕೋಲಿ ಉಳಿಯಿತು! ಪೀಡೆಯೆಂದು ಮಧ್ಯಾಹ್ನದಿಂದ ಮನಸ್ಸಿನಲ್ಲೇ ಬೈದುಕೊಂಡ ದೇವರ ರಾಶಿಯೇ ಅವಳ ಕೈ ಹಿಡಿದಿತ್ತು. ನಂದೀಶ ಮುಖ ಗಂಟಿಕ್ಕಿಕೊಂಡು ಟೀವಿ ಹಾಕಿದ.

ಅವಳು ಮುಖ ತೊಳೆದು ಬರುವಷ್ಟರಲ್ಲಿ ಶೇಖವ್ವ ತನ್ನ ಖಾಲಿ ಚೀಲ ಒಯ್ಯಲು ಬಂದಿದ್ದಳು. ಕಾಂಚನಾ ಖುಷಿಯಲ್ಲಿ ಅವಳ ಕೈ ಹಿಡಿದು, ಯಾರಿಗೆ ಈ ಬುದ್ಧಿ ಹೊಳೆಯಿತೋ, ದೇವರನ್ನು ತಂದು ನನ್ನ ಕೋಲಿ ಉಳಿಸಿದಿರಿ ಎಂದಳು.

"ನಮಗೇನು ಹೊಳೀತೈತಿ? ನಿಮ್ಮ ಅತ್ತಿಯವರಽ ಮಧ್ಯಾಹ್ನ ಮನಿಮನಿಗೆ ಬಂದು ಹೇಳಿ ಹ್ವಾದರು. ಕಾರ್ಡಷ್ಟಽ ಅಲ್ಲ, ದೇವರನ್ನೂ ತಂದು ಕೊಡ್ರಿ, ನಮ್ಮ ಸೊಸಿ ಒಲ್ಲೆ ಅನ್ನಂಗಿಲ್ಲ ಅಂತ" ಎಂದು ಶೇಖವ್ವ ಚೀಲ ಮಡಚಿಕೊಂಡು ನಡೆದಳು.

ಕಾಂಚನಾಳ ಎದೆ ತುಂಬಿ ಬಂತು. ಹತ್ತೊಂಬತ್ತು ವರ್ಷ ಈ ಅತ್ತೆಯನ್ನು ತಪ್ಪು ತಿಳಿದೆ ಎಂದುಕೊಂಡು, ಕಾಲಿಗೆ ಬೀಳಲೆಂದೇ ಹಿಂದಿನ ಕೋಲಿಗೆ ಓಡಿದಳು.

ಅವಳ ಡಬ್ಬಿಗಳೆಲ್ಲ ಹೊರಗೆ ಬಾಗಿಲ ಬದಿಗೆ ಒಟ್ಟಿದ್ದವು. ಮೊಳೆಯ ಮೇಲಿನ ಕತ್ತರಿಗಳೂ ಒಂದು ಬುಟ್ಟಿಯಲ್ಲಿ ಹೊರಗೇ ಇದ್ದವು. ಒಳಗೆ ಸುಮಿತ್ರವ್ವ ತಮ್ಮ ಚಾಪೆ, ಕೌದಿ, ತಂಬಿಗೆ ತಂದಿಟ್ಟುಕೊಂಡು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತಿದ್ದರು. ಹಾಗೆ ಕಾಲು ಚಾಚಿ ಕುಳಿತದ್ದನ್ನು ಕಾಂಚನಾ ಎಂದೂ ನೋಡಿರಲಿಲ್ಲ.

"ದೇವರ ಕೋಲ್ಯಾಗ ಕತ್ತರಿ ಆಡಸಬಾರದು" ಎಂದರು ಅತ್ತೆ.

"ಇದು ನನ್ನ ಕೋಲಿ ಅಲ್ಲೇನ್ರಿ ಅತ್ತಿಯವರ?"

"ಎರಡು ವರ್ಷ ನೀ ಕುಂತಿ. ಅದರ ಮೊದಲ ನಿಮ್ಮ ಮಾವ ಮೂವತ್ತು ವರ್ಷ ಕುಂತು ನೇಯ್ದರು. ಆ ಮೂವತ್ತೂ ವರ್ಷ ನಾ ಹೊರಗ ಪಡಸಾಲ್ಯಾಗ, ಬಂದು ಹೋಗಾವರ ಕಾಲಾಗ ಕುಂತು ಅವರಿಗೆ ನೂಲು ಸುತ್ತಿ ಕೊಟ್ಟೀನಿ. ಮಗ್ಗ ಹ್ವಾದ ಮ್ಯಾಲೆ ಈ ಕೋಲಿ ಯಾರಿಗೆ ಅಂತ ನನ್ನ ಯಾರರ ಕೇಳಿದ್ರೇನು? ನನ್ನ ಮಗಾ ಕೇಳಲಿಲ್ಲ. ನೀನೂ ಕೇಳಲಿಲ್ಲ."

ಬೈದಿದ್ದರೆ ಕಾಂಚನಾ ತಿರುಗಿ ಬೈಯುತ್ತಿದ್ದಳು. ಬೈದಿರಲಿಲ್ಲ. ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಎರಡನ್ನೂ ನುಂಗಿಕೊಂಡು, "ಬಾಯಿಬಿಟ್ಟು ಕೇಳಿದ್ರ ಕೊಡ್ತಿದ್ದಿಲ್ಲೇನ್ರಿ?" ಎಂದಳು. ಆಡಿದ ಮೇಲೆ ಅವಳಿಗೇ ತನ್ನ ಮಾತು ಸುಳ್ಳೆನಿಸಿತು.

ಸುಮಿತ್ರವ್ವ ನಿಧಾನಕ್ಕೆ ಎದ್ದು ಬಾಗಿಲ ಹತ್ತಿರ ಬಂದರು. "ಇಷ್ಟು ದೇವರಿಗೆ ದಿನಾ ಹೂವು ಎಲ್ಲಿಂದ ತರೂದು? ಒಂದೊಂದು ಕಾಗದದ ಹಾರಾ ಮಾಡಿ ಕೊಡು. ನೀ ಛಲೋ ಮಾಡ್ತಿ. ಪಡಸಾಲ್ಯಾಗ ಕುಂತು ಮಾಡು, ಗಾಳಿ ಛಲೋ ಬರ್ತೈತಿ" ಎಂದು ಬಾಗಿಲು ಮುಂದೆ ಮಾಡಿದರು.

ಪಡಸಾಲೆಯಲ್ಲಿ ನಂದೀಶ ಟೀವಿಯ ಸಪ್ಪಳ ಹೆಚ್ಚು ಮಾಡಿದ. ಕಾಂಚನಾ ಡಬ್ಬಿಗಳನ್ನು ಒಂದೊಂದಾಗಿ ಅಲ್ಲಿಗೆ ಹೊತ್ತು ತಂದು, ಓಡಾಡುವವರಿಗೆ ಅಡ್ಡವಾಗದಂತೆ ಕಂಬಕ್ಕೆ ಒತ್ತಿ ಕುಳಿತು, ಕೆಂಪು ಅಂಚು ಕೈಗೆತ್ತಿಕೊಂಡಳು. ಹಿಂದಿನ ಕೋಲಿಯಲ್ಲಿ ಅತ್ತೆ ಒಳಗಿನಿಂದ ಅಗಳಿ ಹಾಕಿಕೊಂಡದ್ದು ಕೇಳಿಸಿತು.